ಮಸೀದಿಯ ಬಾಗಿಲು, ಜಮಾತಿನ ದಫ್ತರ

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಮ್ಮಂಥವರ ಮನೆಗಳಲ್ಲಿ ಹಬ್ಬದ ಸಡಗರವಿತ್ತು. ಆದರೆ ಅದರ ಬೆನ್ನಿಗೇ ಬಂದ ಬರಹಗಳನ್ನು ಓದುತ್ತ ಹೋದಂತೆ ಕಸಿವಿಸಿಯಾಯಿತು. ಬಾಯಿಲ್ಲದ ಸಮುದಾಯವೊಂದರಿಂದ ಒಬ್ಬ ಹೆಣ್ಣುಮಗಳು ಇದೇ ಮೊದಲ ಸಲ ದನಿ ಎತ್ತಿದಳು ಎಂಬ ಧಾಟಿ ಹಲವು ಬರಹಗಳಲ್ಲಿತ್ತು. ಇನ್ನೊಂದು ಕಡೆ, ಮುಸ್ಲಿಂ ಹೆಂಗಸರ ಬಿಡುಗಡೆ ಶುರುವಾದದ್ದೇ 2017ರ ತ್ರಿವಳಿ ತಲಾಖ್ ತೀರ್ಪಿನಿಂದ, 2019ರ ಕಾನೂನಿನಿಂದ ಎಂಬ ಮಾತು ಟಿವಿ ಚರ್ಚೆಗಳಲ್ಲಿ ಬೇರೂರಿಬಿಟ್ಟಿದೆ. ಧರ್ಮದ ಒಳಗೇ ನಿಂತು, ಮಸೀದಿ, ಅದರ ಸುತ್ತಿನ ಸಮುದಾಯಕೂಟವಾದ ಜಮಾತ್, ಕಾಜಿ, ಮದುವೆಯ ಕರಾರುಪತ್ರವಾದ ನಿಕಾಹ್‌ನಾಮೆಗಳಲ್ಲಿ ತಮ್ಮ ಪಾಲು ಕೇಳಿದವರ ದೀರ್ಘ ದುಡಿಮೆ ಈ ಎರಡೂ ಕಥನಗಳಲ್ಲಿ ಮಾಯವಾಗುತ್ತದೆ. ಈ ಲೇಖನ ಅವರನ್ನು ಕುರಿತದ್ದು.

ಮೊದಲ ಘಟ್ಟವನ್ನು ಬೇಗ ದಾಟುತ್ತೇನೆ. ಬೇಗಂ ರುಕಿಯಾ 1911ರಲ್ಲಿ ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಕೇರಳದಲ್ಲಿ ವಕ್ಕಂ ಮೌಲವಿ ಹಚ್ಚಿದ ಸುಧಾರಣೆಯ ಹಾದಿಯಲ್ಲಿ ಹಲೀಮಾ ಬೀವಿ 1938ರಲ್ಲಿ ‘ಮುಸ್ಲಿಂ ವನಿತಾ’ ಪತ್ರಿಕೆ ತಂದರು. ರಶೀದ್ ಜಹಾನ್ ಮತ್ತು ಗೆಳೆಯರ ‘ಅಂಗಾರೆ’ ಕಥಾಸಂಕಲನ 1932ರಲ್ಲಿ ಹೊರಬಂದು ಮರುವರ್ಷವೇ ನಿಷೇಧಕ್ಕೆ ಒಳಗಾಯಿತು; ಪ್ರಗತಿಪರ ಸಾಹಿತ್ಯದ ಚರಿತ್ರೆಗಳು ಇದನ್ನು ವಿಸ್ತಾರವಾಗಿಯೇ ಹೇಳುತ್ತವೆ. ಅವು ಹೇಳದೆ ಬಿಡುವುದು ಅದೇ ದಶಕದ ಇನ್ನೊಂದು ಸಂಗತಿಯನ್ನು. ಹನಫಿ ಪದ್ಧತಿಯ ಪ್ರಕಾರ ಹೆಂಡತಿಯಾದವಳು ಕ್ರೂರ ಗಂಡನಿಂದಾಗಲಿ, ನಾಪತ್ತೆಯಾದ ಗಂಡನಿಂದಾಗಲಿ ಬಿಡಿಸಿಕೊಳ್ಳುವ ದಾರಿಯೇ ಇಲ್ಲದಂತಾಗಿ, ಬಿಡುಗಡೆಗಾಗಿಯೇ ಕೆಲವರು ಮತಾಂತರದ ಮೊರೆಹೋಗುತ್ತಿದ್ದ ಕಾಲ ಅದು. ದೇವಬಂದಿನ ಅಶ್ರಫ್ ಅಲಿ ಥಾನವಿ ಮಾಲಿಕಿ ಪದ್ಧತಿಯ ನಿಯಮಗಳನ್ನು ಆಧರಿಸಿದ ಬರಹವೊಂದರ ಮೂಲಕ ಆ ಹೆಂಗಸರಿಗೆ ದಾರಿ ಮಾಡಿಕೊಟ್ಟರು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯ ಹಿಂದೆ ಆ ಬರಹದ ಬಲವಿತ್ತು. ಥಾನವಿ ಯಾವ ಲೆಕ್ಕದಲ್ಲೂ ಪ್ರಗತಿಪರರಲ್ಲ. ಹೆಂಗಸರ ನಡೆನುಡಿಗೆ ಬೇಲಿ ಹಾಕಿದ ‘ಬಹಿಶ್ತಿ ಜೇವರ್’ ಬರೆದವರೂ ಅವರೇ. ಆದರೂ ಶರೀಅತ್‌ನಲ್ಲಿ ಕೈಯಾಡಿಸಲು ಜಾಗವಿದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಸಿಕ್ಕಿಲ್ಲ.

ತ್ರಿವಳಿ ತಲಾಖ್ ನಿಲ್ಲಬೇಕೆಂದು ಹಮೀದ್ ದಳವಾಯಿ ಏಳು ಮಂದಿ ಹೆಂಗಸರನ್ನು ಜೊತೆಗೆ ಕರೆದುಕೊಂಡು 1966ರ ಏಪ್ರಿಲ್ 18ರಂದು ಮುಂಬೈಯ ವಿಧಾನಸಭೆಗೆ ಮೆರವಣಿಗೆ ಹೋದರು. 1970ರಲ್ಲಿ ಪುಣೆಯಲ್ಲಿ ಮುಸ್ಲಿಂ ಸತ್ಯಶೋಧಕ ಮಂಡಲ ಕಟ್ಟಿದರು. ನಲವತ್ತನಾಲ್ಕನೇ ವಯಸ್ಸಿಗೆ ತೀರಿಕೊಂಡ ಅವರ ಎದೆಗಾರಿಕೆಗೆ ಎರಡು ಮಾತಿಲ್ಲ. ಆದರೆ ಅವರು ಮಸೀದಿಯಿಂದ ಪೂರ್ತಿ ಹೊರಗೆ ನಿಂತು ಮಾತನಾಡಿದರು. ಒಳಗಿದ್ದ ಹೆಂಗಸರಿಗೆ ಅವರ ಮಾತು ಕೇಳಿಸಿತು, ಆಚೆ ನಡೆದುಹೋಗುವ ದಾರಿ ಮಾತ್ರ ಕಾಣಲಿಲ್ಲ. ಬೊಹರಾ ಸಮುದಾಯದ ಒಳಗೆ ಧರ್ಮಗುರುವಿನ ಅಧಿಕಾರವನ್ನು ಎದುರಿಸುತ್ತಲೇ ಕುರ್‌ಆನನ್ನು ಹೊಸದಾಗಿ ಓದಿದ ಅಸ್ಗರ್ ಅಲಿ ಇಂಜಿನಿಯರ್ ನಮ್ಮ ತಲೆಮಾರಿಗೆ ಹೆಚ್ಚು ಹತ್ತಿರದವರಾದದ್ದು ಈ ಕಾರಣಕ್ಕೆ.

ನಂತರ ಶಾ ಬಾನು ಪ್ರಕರಣ. ಗಂಡ ತಲಾಖ್ ಕೊಟ್ಟ ಇಂದೋರಿನ ಆ ಮುದುಕಿಗೆ ಮ್ಯಾಜಿಸ್ಟ್ರೇಟರು ಗೊತ್ತುಮಾಡಿದ ಜೀವನಾಂಶ ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ದೇಶದ ರಾಜಕೀಯವೇ ಅಲ್ಲಾಡಿದ್ದು ಇಷ್ಟು ಹಣಕ್ಕೆ. ಅವಳ ಜೀವನಾಂಶವನ್ನು ಎತ್ತಿಹಿಡಿದ 1985ರ ಸುಪ್ರೀಂ ಕೋರ್ಟ್ ತೀರ್ಪು, ಅದನ್ನು ಮಣಿಸಲು ಬಂದ 1986ರ ಕಾಯ್ದೆ ಎಲ್ಲರಿಗೂ ಗೊತ್ತು. ಅದೇ ಕಾಯ್ದೆಯನ್ನು 2001ರ ಡೇನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೆಂಗಸರ ಪರವಾಗಿ ಅರ್ಥೈಸಿ, ತಲಾಖ್ ನಂತರ ಕಾಯುವ ಇದ್ದತ್ ಅವಧಿ ಮುಗಿಯುವುದರೊಳಗೆ ಅವಳ ಮುಂದಿನ ಬದುಕಿಗೂ ಸಾಕಾಗುವಷ್ಟು ಏರ್ಪಾಡು ಮಾಡಬೇಕೆಂದು ಹೇಳಿದ್ದು ಎಷ್ಟು ಜನಕ್ಕೆ ಗೊತ್ತು? ಗದ್ದಲವಾದ ಕಡೆಗಷ್ಟೇ ಕ್ಯಾಮೆರಾ ತಿರುಗುತ್ತದೆ.

ಕನ್ನಡದ ಮಾತಿಗೆ ಬರೋಣ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ, ಮರುವರ್ಷ ‘ಲಂಕೇಶ್ ಪತ್ರಿಕೆ’ ಹುಟ್ಟಿದವು. ಇವೆರಡೂ ಇರದಿದ್ದರೆ ನಾನು ಹೇಳುತ್ತಿರುವ ಚರಿತ್ರೆಯ ಅರ್ಧ ಭಾಗ ಬರಹಕ್ಕೆ ಬರುತ್ತಿರಲಿಲ್ಲ. ಬೊಳುವಾರು ಮಹಮದ್ ಕುಂಞ ತಮ್ಮ ಕಥೆಗಳಲ್ಲಿ ಮುತ್ತುಪ್ಪಾಡಿ ಎಂಬ ಊರನ್ನೇ ಕಟ್ಟಿದರು; ಫಕೀರ್ ಮುಹಮ್ಮದ್ ಕಟ್ಪಾಡಿ ಬಡ ಬ್ಯಾರಿ ಮನೆಗಳ ಒಳಗನ್ನು ತೋರಿಸಿದರು. ಆದರೆ ಮಸೀದಿಯ ಅಧಿಕಾರಕ್ಕೆ ನೇರವಾಗಿ ಕೈಹಾಕಿದವರು ಸಾರಾ ಅಬೂಬಕ್ಕರ್. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಲಂಕೇಶರ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1984ರಲ್ಲಿ ಪುಸ್ತಕವಾಯಿತು. ಅಪ್ಪನ ಹಟಕ್ಕೆ ತಲಾಖ್ ಆಗಿ, ಮತ್ತೆ ಗಂಡನ ಬಳಿ ಹೋಗಬೇಕಾದರೆ ಇನ್ನೊಬ್ಬನ ಜೊತೆ ಒಂದು ರಾತ್ರಿಯ ಮದುವೆಗೆ ಒಪ್ಪಬೇಕಾದ ನಾದಿರಾಳ ಕಥೆ ಅದು. ಅವಳು ಕೊನೆಗೆ ಪ್ರಾಣ ಬಿಡುವುದು ಮಸೀದಿಯ ಕೊಳದಲ್ಲಿ. ಬದುಕಿದ್ದಷ್ಟು ಕಾಲ ಮೆಟ್ಟಿಲು ಹತ್ತಲಾಗದ ಜಾಗಕ್ಕೆ ಸಾಯಲು ಹೋದಳು ಎಂಬುದನ್ನು ವಿಮರ್ಶಕರು ಬರಿ ಕರುಣೆಯ ಕಣ್ಣಿನಿಂದ ಓದಿದರು. ಸಾರಾ ಹುಟ್ಟಿದ ಕಾಸರಗೋಡಿನ ಮಣ್ಣಿನವರಿಗೆ ಅದು ಆರೋಪಪಟ್ಟಿಯಾಗಿ ಕಂಡಿತು. 1985ರಲ್ಲಿ ಪುತ್ತೂರಿನ ಸಭೆಯೊಂದರಲ್ಲಿ ಯುವಕರ ಗುಂಪು ಅವರ ಮಾತಿಗೆ ಅಡ್ಡಿಮಾಡಿದ್ದು ಸುಮ್ಮನೆ ಅಲ್ಲ. ಸಾರಾ ಆಮೇಲೂ ಸುಮ್ಮನಾಗಲಿಲ್ಲ. ‘ಸಹನಾ’, ‘ವಜ್ರಗಳು’ ಬಂದವು. 1994ರಲ್ಲಿ ತಮ್ಮದೇ ಚಂದ್ರಗಿರಿ ಪ್ರಕಾಶನವನ್ನೂ ಶುರುಮಾಡಿದರು. ಅವರು ಉದ್ದಕ್ಕೂ ಹೇಳಿದ್ದು ಒಂದೇ ಮಾತು: ಕುರ್‌ಆನ್ ಕೊಟ್ಟಿರುವುದನ್ನು ಮೌಲವಿಗಳು ಕಿತ್ತುಕೊಳ್ಳುತ್ತಿದ್ದಾರೆ.

ಬಾನು ಮುಷ್ತಾಕ್ ‘ಲಂಕೇಶ್ ಪತ್ರಿಕೆ’ಯ ವರದಿಗಾರ್ತಿಯಾಗಿ ಹಾಸನದ ಬೀದಿಗಳನ್ನು ಅಲೆದವರು, ಆಮೇಲೆ ವಕೀಲಿಕೆ ಹಿಡಿದವರು. ಅವರ ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಕೈಬಿಟ್ಟ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳಲು ಮಸೀದಿಯ ಮುಂದೆ ಬಂದು ಕೂರುತ್ತಾಳೆ. ಮಸೀದಿಯ ಆಡಳಿತ ನೋಡುವ ಮುತವಲ್ಲಿಗೆ ಅವಳನ್ನು ಒಳಗೆ ಕರೆಯುವ ಮನಸ್ಸಿಲ್ಲ, ಎಬ್ಬಿಸಿ ಕಳಿಸುವ ಧೈರ್ಯವೂ ಇಲ್ಲ. ಗಿರೀಶ್ ಕಾಸರವಳ್ಳಿ ಇದನ್ನು 2004ರಲ್ಲಿ ‘ಹಸೀನಾ’ ಚಿತ್ರವಾಗಿಸಿದರು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಜನ ತಾರಾ ಅವರ ಅಭಿನಯವನ್ನು ನೆನಪಿಟ್ಟರು. ನಾನು ನೆನಪಿಟ್ಟಿರುವುದು ಆ ಕಥೆಯ ವ್ಯವಹಾರಜ್ಞಾನವನ್ನು. ಮೊಹಲ್ಲಾದ ಹೆಂಗಸಿಗೆ ಕೋರ್ಟು ದೂರ, ಪೊಲೀಸ್ ಠಾಣೆಯೆಂದರೆ ದಿಗಿಲು. ಅವಳ ಪಾಲಿನ ಮೊದಲ ನ್ಯಾಯಾಲಯ ಮಸೀದಿ ಕಮಿಟಿ. ಅಲ್ಲಿ ಅವಳ ಪರವಾಗಿ ಅಣ್ಣನೋ ಮಾವನೋ ಮಾತಾಡುತ್ತಾನೆ, ಅವಳು ಬಾಗಿಲ ಹಿಂದಿರುತ್ತಾಳೆ. 2000ದಲ್ಲಿ ಹೆಂಗಸರಿಗೂ ಮಸೀದಿಯಲ್ಲಿ ನಮಾಜು ಮಾಡುವ ಹಕ್ಕಿದೆ ಎಂದು ಹೇಳಿದ್ದಕ್ಕೆ ಬಾನು ಅವರ ಕುಟುಂಬ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರ ಅನುಭವಿಸಿತು. ಬೂಕರ್‌ನ ಸುದ್ದಿಗಳಲ್ಲಿ ಈ ಬಹಿಷ್ಕಾರ ಒಂದು ಸಾಲಿನ ಸ್ವಾರಸ್ಯವಾಗಿ ಬಂದುಹೋಯಿತು. ನೀರು, ನೆಂಟಸ್ತಿಕೆ, ಸಾವಿನ ಮನೆ ಎಲ್ಲವೂ ಜಮಾತಿನ ಜೊತೆ ಹೆಣೆದುಕೊಂಡಿರುವ ಊರಲ್ಲಿ ಬಹಿಷ್ಕಾರವೆಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು.

ಇದೇ ಹೊತ್ತಿಗೆ ರಹಮತ್ ತರೀಕೆರೆ ‘ಕರ್ನಾಟಕದ ಸೂಫಿಗಳು’ ಕೃತಿಯಲ್ಲಿ ಇನ್ನೊಂದು ಎಳೆ ಹಿಡಿದರು. ಕಲಬುರಗಿಯ ಬಂದೇ ನವಾಜ್‌ರಿಂದ ಶಿಶುನಾಳ ಶರೀಫರವರೆಗೆ, ಉತ್ತರ ಕರ್ನಾಟಕದ ಊರೂರಿನ ಮೊಹರಮ್ಮಿನವರೆಗೆ ಜಾತಿ ಮತ ನೋಡದೆ ಬಾಗಿಲು ತೆರೆದಿಟ್ಟ ಪರಂಪರೆ ಅದು. ಬಾಬಾಬುಡನ್‌ಗಿರಿಯ ವಿವಾದ ಬಿಸಿಯೇರಿದಾಗ ಸೌಹಾರ್ದದ ಪರ ನಿಂತವರಿಗೆ ಈ ಸಂಶೋಧನೆ ಆಸರೆಯಾಯಿತು. ಆದರೆ ಸೂಫಿ ಎಂದರೆ ಒಳ್ಳೆಯವರು, ಮಸೀದಿ ಎಂದರೆ ಕಟ್ಟರ್ ಎಂಬ ಸುಲಭ ವಿಂಗಡಣೆಯೊಂದು ಆಮೇಲೆ ನಮ್ಮ ಸೆಕ್ಯುಲರ್ ಗೆಳೆಯರಲ್ಲಿ ಬೆಳೆಯಿತು. ಅದನ್ನು ನಾನು ಒಪ್ಪುವುದಿಲ್ಲ. ಕರಾವಳಿಯಲ್ಲಿ ದರ್ಗಾಕ್ಕೆ ಹೆಂಗಸರು ಧಾರಾಳವಾಗಿ ಹೋಗುತ್ತಾರೆ, ಆದರೆ ಅದೇ ಸಂಪ್ರದಾಯದ ಸುನ್ನಿ ಮಸೀದಿಗಳಲ್ಲಿ ಅವರಿಗೆ ಜಾಗವಿಲ್ಲ. ಹೆಂಗಸರಿಗೆ ನಮಾಜಿನ ಅಂಗಳ ಬಿಟ್ಟುಕೊಟ್ಟವರು ಹೆಚ್ಚಾಗಿ ಸಲಫಿಗಳು ಮತ್ತು ಜಮಾಅತೆ ಇಸ್ಲಾಮಿಯವರು. ಅವರಿಗೆ ದರ್ಗಾ ಆಗಿಬರುವುದಿಲ್ಲ. ಮಂಗಳೂರಿನಿಂದ 1978ರಿಂದ ಬರುತ್ತಿರುವ ‘ಸನ್ಮಾರ್ಗ’, ಮಹಿಳಾ ಮಾಸಿಕ ‘ಅನುಪಮ’, ಕುರ್‌ಆನಿನ ಕನ್ನಡ ಅನುವಾದಗಳು, ಇವೆಲ್ಲ ಆ ವಲಯದ ಕೆಲಸಗಳು. ಅವರ ರಾಜಕೀಯದ ಜೊತೆ ನನಗೆ ತಕರಾರುಗಳಿವೆ. ಆದರೂ ಅರಬ್ಬಿ ಬಾರದ ಹೆಣ್ಣುಮಗಳು ಧರ್ಮಗ್ರಂಥವನ್ನು ತನ್ನ ಓದಿನ ಭಾಷೆಯಲ್ಲಿ ಓದಿ, ಇದರಲ್ಲಿ ಎಲ್ಲಿದೆ ತೋರಿಸಿ ಎಂದು ಕೇಳುವಂತಾದದ್ದರಲ್ಲಿ ಅವರ ಪಾಲು ಇದೆ. ನಮ್ಮ ಬಂಡಾಯದ ಚರಿತ್ರೆಗಳು ಇದನ್ನು ದಾಖಲಿಸಲೇ ಇಲ್ಲ.

ತಮಿಳುನಾಡಿನ ಪುದುಕೋಟೈಯಲ್ಲಿ ದಾವೂದ್ ಷರೀಫಾ ಖಾನಂ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗಂಡಸರ ಜಮಾತ್ ಕೇಳದಿದ್ದರೆ ಹೆಂಗಸರದೇ ಜಮಾತ್ ಎಂದು ಕಟ್ಟಿ, ತಲಾಖ್, ವರದಕ್ಷಿಣೆ, ಹೊಡೆತಗಳ ದೂರುಗಳನ್ನು ತಾವೇ ವಿಚಾರಿಸತೊಡಗಿದರು. ಬೆಂಗಳೂರಿನ ದೀಪಾ ಧನರಾಜ್ 2011ರಲ್ಲಿ ‘ಇನ್ವೋಕಿಂಗ್ ಜಸ್ಟಿಸ್’ ಎಂಬ ಸಾಕ್ಷ್ಯಚಿತ್ರದಲ್ಲಿ ಇದನ್ನು ಸೆರೆಹಿಡಿದಿದ್ದಾರೆ. ಚರ್ಚೆಗೆ ಕೂತ ಹೆಂಗಸರ ಮುಖಗಳನ್ನು ನೋಡುವುದಕ್ಕಾದರೂ ಆ ಚಿತ್ರ ನೋಡಬೇಕು.

2007ರಲ್ಲಿ ಶುರುವಾದ ಭಾರತೀಯ ಮುಸ್ಲಿಂ ಮಹಿಳಾ ಆಂದೋಲನ ಕೈಹಾಕಿದ್ದು ಕಾಗದಪತ್ರಕ್ಕೆ. ಅದು ಯಾಕೆ ಮುಖ್ಯ ಎಂದು ತಿಳಿಯಬೇಕಾದರೆ ನಮ್ಮ ಊರುಗಳ ನಿಕಾಹ್ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಶಾದಿ ಮಹಲಿನಲ್ಲಿ ಕಾಜಿಯವರು ಉದ್ದನೆಯ ದಫ್ತರ ಬಿಚ್ಚಿ ವರನ ಹೆಸರು, ತಂದೆಯ ಹೆಸರು ಬರೆಯುತ್ತಾರೆ. ಹುಡುಗಿಯ ಕಡೆಯ ವಕೀಲ, ಅಂದರೆ ಅವಳ ಪ್ರತಿನಿಧಿ, ಇಬ್ಬರು ಸಾಕ್ಷಿಗಳ ಜೊತೆ ಹೆಂಗಸರ ಕೋಣೆಗೆ ಹೋಗಿ ಒಪ್ಪಿಗೆ ಕೇಳಿ ಬರುತ್ತಾರೆ. ವರ ಕೊಡಬೇಕಾದ ಮಹರ್ ಎಷ್ಟು, ನಗದೋ ಉಧಾರೋ ಎಂಬುದನ್ನು ಹಿರಿಯರು ಅಲ್ಲೇ ಗುಸುಗುಸು ಮಾತಾಡಿ ತೀರ್ಮಾನಿಸುತ್ತಾರೆ. ಆಮೇಲೆ ದಫ್ತರ ಒಳಗೆ ಹೋಗುತ್ತದೆ, ಯಾರೋ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಹುಡುಗಿ ಸಹಿ ಹಾಕುತ್ತಾಳೆ. ಪುಟದಲ್ಲಿ ಏನಿದೆ ಎಂದು ಓದಲು ಅವಳಿಗೆ ಪುರುಸೊತ್ತು ಕೊಟ್ಟ ಮದುವೆ ನಾನು ಕಂಡಿಲ್ಲ. ನಿಕಾಹ್ ಕರಾರು ಎಂದು ಹೆಮ್ಮೆಯಿಂದ ಹೇಳುವ ನಾವು ಕರಾರಿನ ಒಂದು ಕಡೆಯವರಿಗೆ ಪತ್ರ ಓದಲು ಕೊಡುವುದಿಲ್ಲ. ಆಂದೋಲನ ತಂದ ಮಾದರಿ ನಿಕಾಹ್‌ನಾಮೆಯ ಗುರಿ ಇದೇ ಆಗಿತ್ತು. ವರನ ಒಂದು ವರ್ಷದ ಆದಾಯದಷ್ಟಾದರೂ ಮಹರ್ ಇರಬೇಕೆಂದು ಅದರ ಕೌಟುಂಬಿಕ ಕಾನೂನಿನ ಕರಡು ಹೇಳಿತು. ಹೆಂಗಸರಿಗೇ ಕಾಜಿ ತರಬೇತಿಯನ್ನೂ ಕೊಟ್ಟರು. ಅದಕ್ಕೂ ಮುಂಚೆ, 2008ರಲ್ಲಿ, ಲಖನೌದಲ್ಲಿ ಲೇಖಕಿ ಸೈಯದಾ ಹಮೀದ್ ನಿಕಾಹ್ ಓದಿಸಿದ್ದರು. ಮದುವೆ ಅಸಿಂಧುವಾಗಲಿಲ್ಲ, ಆಕಾಶವೂ ಬೀಳಲಿಲ್ಲ.

2015ರಲ್ಲಿ ಆಂದೋಲನ ಹತ್ತು ರಾಜ್ಯಗಳ 4,710 ಹೆಂಗಸರನ್ನು ಮಾತಾಡಿಸಿ ವರದಿ ತಂದಾಗ ಶೇ. 92ರಷ್ಟು ಮಂದಿ ಬಾಯಿಮಾತಿನ ತಲಾಖ್ ಬೇಡವೆಂದಿದ್ದರು. ಹಾಜಿ ಅಲಿ ದರ್ಗಾದ ಒಳಗುಡಿಗೆ ಹೆಂಗಸರನ್ನು ಬಿಡದ ಹೊಸ ನಿಯಮದ ವಿರುದ್ಧ ಬಾಂಬೆ ಹೈಕೋರ್ಟಿನಲ್ಲಿ 2016ರ ಆಗಸ್ಟಿನಲ್ಲಿ ಗೆದ್ದವರೂ ಇವರೇ. ಇಷ್ಟೆಲ್ಲ ಆದಮೇಲೆ ಬಂದದ್ದು 2017ರ ಆಗಸ್ಟ್ 22ರ ತೀರ್ಪು. ಅದನ್ನು ನಾವು ಸ್ವಾಗತಿಸಿದೆವು. ಗಂಡನನ್ನು ಮೂರು ವರ್ಷದವರೆಗೆ ಜೈಲಿಗೆ ಕಳಿಸುವ 2019ರ ಕಾನೂನನ್ನು ನಮ್ಮಲ್ಲಿ ಅನೇಕರು ಸ್ವಾಗತಿಸಲಿಲ್ಲ. ಜೈಲಿನಲ್ಲಿರುವವನು ಜೀವನಾಂಶ ಎಲ್ಲಿಂದ ಕೊಡುತ್ತಾನೆ ಎಂಬ ಪ್ರಶ್ನೆಗೆ ಸಂಸತ್ತಿನಲ್ಲಿ ಉತ್ತರ ಸಿಗಲಿಲ್ಲ.

2022ರಲ್ಲಿ ಹಿಜಾಬಿನ ಹೆಸರಲ್ಲಿ ಹುಡುಗಿಯರನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಿದಾಗ, ಬುರ್ಖಾದ ಬಲವಂತವನ್ನು ವಿರೋಧಿಸುತ್ತ ಬಂದ ನೀವು ಇದನ್ನು ಬೆಂಬಲಿಸಬೇಕಲ್ಲವೇ ಎಂದು ಹಲವರು ಕೇಳಿದರು. ಹಾಕು ಎಂಬ ಬಲವಂತವನ್ನೂ ತೆಗೆ ಎಂಬ ಬಲವಂತವನ್ನೂ ಎದುರಿಸುವುದು ಒಂದೇ ಕೆಲಸ. ಸುಪ್ರೀಂ ಕೋರ್ಟಿನ ಪೀಠವೇ ಆ ಅಕ್ಟೋಬರಿನಲ್ಲಿ ಎರಡು ಹೋಳಾಯಿತು. ಪರೀಕ್ಷೆ ತಪ್ಪಿಸಿಕೊಂಡ ಹುಡುಗಿಯರ ವರ್ಷಗಳನ್ನು ಯಾವ ತೀರ್ಪೂ ತಿರುಗಿಸಿ ಕೊಡಲಾರದು.

ಸಾರಾ 2023ರ ಜನವರಿಯಲ್ಲಿ ತೀರಿಕೊಂಡರು. ಎರಡು ತಿಂಗಳಿಗೆ, ಮಾರ್ಚ್ 8ರಂದು, ಅವರ ಹುಟ್ಟೂರಿನ ಜಿಲ್ಲೆಯಲ್ಲೇ ವಕೀಲ ಸಿ. ಶುಕ್ಕೂರ್ ಮತ್ತು ಶೀನಾ ಶುಕ್ಕೂರ್ ದಂಪತಿ ವಿಶೇಷ ವಿವಾಹ ಕಾಯ್ದೆಯಡಿ ಎರಡನೇ ಸಲ ಮದುವೆಯಾದರು. ಅವರಿಗೆ ಮೂವರು ಹೆಣ್ಣುಮಕ್ಕಳು, ಗಂಡುಮಗನಿಲ್ಲ. ಈಗಿನ ವೈಯಕ್ತಿಕ ಕಾನೂನಿನಂತೆ ಆಸ್ತಿಯ ಒಂದು ಪಾಲು ಅಪ್ಪನ ಒಡಹುಟ್ಟಿದವರಿಗೆ ಹೋಗುತ್ತದೆ. ಅದನ್ನು ತಪ್ಪಿಸಲು ಈ ದಾರಿ. ತಲಾಖ್ ಬಗ್ಗೆ ನಾಲ್ಕು ದಶಕ ಮಾತಾಡಿದ ನಮ್ಮ ಚಳವಳಿ ಆಸ್ತಿಯ ವಿಷಯ ಬಂದಾಗ ತಡವರಿಸಿತು ಎಂಬುದನ್ನು ಆ ಮದುವೆ ಎತ್ತಿ ತೋರಿಸಿತು.

ಬೇರೆ ಕೊರತೆಗಳೂ ಇವೆ. ಪಿಂಜಾರರು, ನದಾಫರು, ಕಸಾಯಿಗಳು ಅನುಭವಿಸುವ ಒಳಜಾತಿಯ ತಾರತಮ್ಯದ ಬಗ್ಗೆ ಬಿಹಾರದಲ್ಲಿ ಅಲಿ ಅನ್ವರ್ ಹಿಂದುಳಿದ ಮುಸ್ಲಿಮರ ಪಸ್‌ಮಾಂದಾ ಚಳವಳಿ ಕಟ್ಟಿದ ಹಾಗೆ ನಮ್ಮಲ್ಲಿ ಗಟ್ಟಿ ಕೆಲಸ ಆಗಿಲ್ಲ. ದರ್ಗಾದ ಉರುಸಿನಲ್ಲಿ ಹಿಜ್ರಾಗಳಿಗೆ ಸಿಗುವ ಜಾಗ ಮೊಹಲ್ಲಾದ ಮಸೀದಿಯಲ್ಲಿ ಯಾಕಿಲ್ಲ ಎಂದು ಕೇಳಿದವರು ಕಡಿಮೆ. ಜಮಾತಿನ ಪಂಚಾಯಿತಿಗಳ ತೀರ್ಮಾನಗಳನ್ನು ಯಾರೂ ಒಟ್ಟುಗೂಡಿಸಿಲ್ಲ. ಅವುಗಳಿಲ್ಲದೆ ಈ ಚರಿತ್ರೆಗೆ ಕೋರ್ಟು ಮತ್ತು ಕಾದಂಬರಿಗಳಷ್ಟೇ ಆಕರ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಮಸೀದಿ ಕಮಿಟಿಗಳ ಬೈಲಾ. 2013ರ ತಿದ್ದುಪಡಿಯ ನಂತರ ರಾಜ್ಯ ವಕ್ಫ್ ಮಂಡಳಿಯಲ್ಲಿ ಕನಿಷ್ಠ ಇಬ್ಬರು ಹೆಂಗಸರು ಇರಲೇಬೇಕು. ಮಂಡಳಿಯ ಕೆಳಗಿನ ಮಸೀದಿ ಕಮಿಟಿಗಳಿಗೆ ಅಂಥ ನಿಯಮವಿಲ್ಲ. ನಾನು ಓದಿದ ಬೈಲಾಗಳಲ್ಲಿ ಜಮಾತಿನ ಸದಸ್ಯ ಎಂದರೆ ವಯಸ್ಕ ಗಂಡಸು. ಗಂಡ ಸತ್ತ ಹೆಂಗಸು ಮಾಸಿಕ ಚಂದಾ ಕೊಟ್ಟರೂ ರಸೀದಿ ಮಗನ ಹೆಸರಿಗೆ ಹೋಗುತ್ತದೆ, ಅವನಿಗಿನ್ನೂ ಮೀಸೆ ಬಂದಿರದಿದ್ದರೂ. ತಲಾಖ್, ಜೀವನಾಂಶ, ಮಹರ್ ಎಲ್ಲದರ ಮಾತು ಮೊದಲು ನಡೆಯುವುದು ಈ ಕಮಿಟಿಯಲ್ಲಿ. ಸದಸ್ಯತ್ವದ ಆ ಒಂದು ಕಲಮನ್ನು ಬದಲಿಸಲು ಸಂಸತ್ತು ಬೇಕಿಲ್ಲ, ಜಮಾತಿನ ಸರ್ವಸದಸ್ಯರ ಸಭೆಯೇ ಮನಸ್ಸು ಮಾಡಬಹುದು. ತಿದ್ದುಪಡಿ ಮಂಡಿಸಬೇಕಾದವರು ಮಾತ್ರ ಸದ್ಯಕ್ಕೆ ಗಂಡಸರೇ, ಸಭೆಯ ನೋಟಿಸು ಹೋಗುವುದು ಅವರಿಗೆ ಮಾತ್ರವಾದ್ದರಿಂದ.