ಬೈಲುಗದ್ದೆಯ ಜಿಗಿಹುಳು, ಅಡಿಕೆ ತೋಟದ ಹಾರುವ ಓತಿ: ನೈಸರ್ಗಿಕ ಆಯ್ಕೆಯ ಕುರಿತ ತಪ್ಪು ತಿಳಿವಳಿಕೆಗಳ ಪರಿಶೀಲನೆ

ಪೀಠಿಕೆ

ಕುಂಭಾಶಿಯ ಆಸುಪಾಸಿನ ಕರಾವಳಿಯಲ್ಲಿ ಗದ್ದೆಗಳನ್ನು ನೀರಿನ ಲೆಕ್ಕದಲ್ಲಿ ಬೆಟ್ಟು, ಮಜಲು, ಬೈಲು ಎಂದು ವಿಂಗಡಿಸುವ ರೂಢಿಯಿದೆ. ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಕಾರ್ತಿ ಬೆಳೆ ಮಾತ್ರ. ಮಜಲಿನಲ್ಲಿ ಸುಗ್ಗಿಯೂ ಆಗುತ್ತದೆ. ಬೈಲಿನಲ್ಲಿ ನೀರಿದ್ದರೆ ಕೊಳಕೆಯನ್ನೂ ತೆಗೆಯಬಹುದು. ಬೈಲಿಗೆ ಒಪ್ಪುವ ತಳಿ ಬೆಟ್ಟಿಗೆ ಒಪ್ಪದು. ಯಾವ ಗುಣವೂ ಎಲ್ಲ ಕಡೆಗೂ ಒಳ್ಳೆಯದಲ್ಲ, ಜಾಗ ನೋಡಿ ಅದರ ಬೆಲೆ ಎಂಬ ಈ ಅನುಭವ ನೈಸರ್ಗಿಕ ಆಯ್ಕೆಯ ಸಿದ್ಧಾಂತಕ್ಕೂ ಬುನಾದಿ. ಆದರೂ ವಿಕಾಸದ ಮಾತು ಬಂದಾಗ ತರಗತಿಯಲ್ಲೂ ಹೊರಗೂ ಕೆಲವು ತಪ್ಪು ಕಲ್ಪನೆಗಳು ಮತ್ತೆ ಮತ್ತೆ ತಲೆಯೆತ್ತುತ್ತವೆ. ಬಿಡಿ ಜೀವಿಯನ್ನು ನೋಡಿ ಸಮೂಹದ ಬಗ್ಗೆ ತೀರ್ಮಾನಿಸುವುದೇ ಇವುಗಳಲ್ಲಿ ಹೆಚ್ಚಿನವಕ್ಕೆ ಕಾರಣವೆಂಬುದು ಈ ಲೇಖನದ ವಾದ.

ಸಿದ್ಧಾಂತದ ತಿರುಳು

ಚಾರ್ಲ್ಸ್ ಡಾರ್ವಿನ್ ಮತ್ತು ಆಲ್ಫ್ರೆಡ್ ರಸೆಲ್ ವಾಲೇಸ್ ಅವರ ಬರಹಗಳನ್ನು 1858ರ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಓದಲಾಯಿತು. ಮರುವರ್ಷ ಡಾರ್ವಿನ್ನರ ಮಹಾಗ್ರಂಥ ಹೊರಬಂತು. ಸಿದ್ಧಾಂತಕ್ಕೆ ಬೇಕಾದುದು ಮೂರೇ ಸಂಗತಿ: ಒಂದೇ ಪ್ರಭೇದದ ಜೀವಿಗಳ ನಡುವೆ ವ್ಯತ್ಯಾಸವಿರಬೇಕು, ಆ ವ್ಯತ್ಯಾಸ ಸ್ವಲ್ಪ ಮಟ್ಟಿಗಾದರೂ ಮರಿಗಳಿಗೆ ದಾಟಬೇಕು, ಅದರಿಂದಾಗಿ ಕೆಲವಕ್ಕೆ ಹೆಚ್ಚು, ಕೆಲವಕ್ಕೆ ಕಡಿಮೆ ಸಂತಾನ ಉಳಿಯಬೇಕು. ಈ ಮೂರೂ ಕೂಡಿದಲ್ಲಿ ತಲೆಮಾರು ಉರುಳಿದಂತೆ ಸಮೂಹದ ಪ್ರಮಾಣಗಳು ಬದಲಾಗುತ್ತವೆ. ಜೀವಿಯ ಇಚ್ಛೆಗಾಗಲಿ ಪ್ರಯತ್ನಕ್ಕಾಗಲಿ ಇಲ್ಲಿ ಪಾತ್ರವಿಲ್ಲ.

ಮೊದಲ ತಪ್ಪು: ‘ಹುಳ ಮದ್ದಿಗೆ ಒಗ್ಗಿಕೊಂಡಿತು’

ಭತ್ತದ ಬುಡದಲ್ಲಿ ಗುಂಪಾಗಿ ಕುಳಿತು ರಸ ಹೀರುವ ಕಂದು ಜಿಗಿಹುಳು ಹೆಚ್ಚಾದರೆ ಗದ್ದೆ ಸುಟ್ಟಂತೆ ಒಣಗುತ್ತದೆ. ಹೆಣ್ಣು ಹುಳ ನೂರಾರು ಮೊಟ್ಟೆಯಿಡುತ್ತದೆ. ತಲೆಮಾರಿಗೆ ಸುಮಾರು ಒಂದು ತಿಂಗಳು ಸಾಕು. ಇಮಿಡಾಕ್ಲೋಪ್ರಿಡ್ ಕೀಟನಾಶಕ ಈ ಹುಳುವನ್ನು ಮೊದಮೊದಲು ಚೆನ್ನಾಗಿ ಹತೋಟಿಯಲ್ಲಿಟ್ಟಿತ್ತು. 2000ದ ದಶಕದಲ್ಲಿ ಏಷ್ಯಾದ ಹಲವೆಡೆ ಅದರ ಹಿಡಿತ ಸಡಿಲವಾಯಿತು. ವಿಷವನ್ನು ಒಡೆದುಹಾಕುವ ಸಿವೈಪಿ6ಇಆರ್1 ಎಂಬ ಜೀನಿನ ಚಟುವಟಿಕೆ ನಿರೋಧಕ ಹುಳುಗಳಲ್ಲಿ ಬಹಳ ಹೆಚ್ಚಿರುವುದು ಸಂಶೋಧನೆಯಿಂದ ತಿಳಿದುಬಂದಿದೆ.

ಇದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ. ಗದ್ದೆಯೊಂದರ 10,000 ಹುಳುಗಳಲ್ಲಿ 10ಕ್ಕೆ ಮಾತ್ರ ವಿಷ ತಡೆಯುವ ಆನುವಂಶಿಕ ಗುಣವಿದೆ ಎನ್ನಿ. ಮದ್ದು ಹೊಡೆದಾಗ ಸಾಮಾನ್ಯ ಹುಳುಗಳಲ್ಲಿ ನೂರಕ್ಕೆ 10, ನಿರೋಧಕಗಳಲ್ಲಿ ನೂರಕ್ಕೆ 80 ಬದುಕುತ್ತವೆ. ಉಳಿದವು ಸಮನಾಗಿ ಸಂತಾನ ಪಡೆದು, ಪ್ರತಿ ತಲೆಮಾರಿಗೂ ಅದೇ ಮದ್ದು ಬಿದ್ದರೆ, ಸಾಮಾನ್ಯಕ್ಕೆ ಹೋಲಿಸಿದ ನಿರೋಧಕಗಳ ಅನುಪಾತ ಪ್ರತಿ ಸಲವೂ 8 ಪಟ್ಟಾಗುತ್ತದೆ. ಸಾವಿರಕ್ಕೆ ಒಂದಿದ್ದ ಗುಣ ಮೂರನೇ ಸಿಂಪರಣೆಯ ನಂತರ ನೂರಕ್ಕೆ ಸುಮಾರು 34, ನಾಲ್ಕನೆಯದರ ನಂತರ ನೂರಕ್ಕೆ 80ರಷ್ಟು ಹುಳುಗಳಲ್ಲಿ ಇರುತ್ತದೆ. ಈ ಅವಧಿಯಲ್ಲಿ ಒಂದು ಹುಳುವೂ ವಿಷಕ್ಕೆ ಒಗ್ಗಿಕೊಳ್ಳಲಿಲ್ಲ. ತಾಳದವು ಸತ್ತವು, ತಾಳಿದವುಗಳ ಸಂತಾನ ಹೆಚ್ಚಿತು. ಮದ್ದು ನಿರೋಧಕತೆಯನ್ನು ಸೃಷ್ಟಿಸಲಿಲ್ಲ, ಇದ್ದುದನ್ನು ಆರಿಸಿತು.

ಇದೇ ಹುಳುವಿನಲ್ಲಿ ಇನ್ನೊಂದು ಬಗೆಯ ಬದಲಾವಣೆಯೂ ಉಂಟು. ಮೇವು ಸಮೃದ್ಧವಾಗಿದ್ದಾಗ ಗಿಡ್ಡ ರೆಕ್ಕೆಯವು, ದಟ್ಟಣೆ ಹೆಚ್ಚಿ ಪೈರು ಸೊರಗಿದಾಗ ಹಾರಿಹೋಗಬಲ್ಲ ಉದ್ದ ರೆಕ್ಕೆಯವು ಹೆಚ್ಚಾಗಿ ಬೆಳೆಯುತ್ತವೆ. ಒಂದೇ ಬಗೆಯ ಜೀನುಗಳಿಂದಲೇ ಎರಡು ರೂಪಗಳೂ ಮೂಡಬಲ್ಲವು. ಇದು ಬೆಳವಣಿಗೆಯ ಹೊಂದಾಣಿಕೆಯೇ ಹೊರತು ಆಯ್ಕೆಯಲ್ಲ. ಹೀಗೆ ಹೊಂದಿಕೊಳ್ಳುವ ಸಾಮರ್ಥ್ಯ ಮಾತ್ರ ಹಿಂದಿನ ಆಯ್ಕೆಯ ಫಲ. ಇವೆರಡನ್ನು ಬೆರೆಸುವುದರಿಂದಲೇ ಮೊದಲ ತಪ್ಪು ಗಟ್ಟಿಯಾಗುತ್ತದೆ.

ಎರಡನೆಯ ತಪ್ಪು: ‘ಬಲಿಷ್ಠವಾದುದೇ ಉಳಿಯುತ್ತದೆ’

‘ಯೋಗ್ಯತಮದ ಉಳಿವು’ ಎಂಬ ನುಡಿ 1864ರಲ್ಲಿ ಹರ್ಬರ್ಟ್ ಸ್ಪೆನ್ಸರ್ ತಂದದ್ದು. ಡಾರ್ವಿನ್ ಅದನ್ನು ತಮ್ಮ ಗ್ರಂಥದಲ್ಲಿ ಬಳಸಿದ್ದು 1869ರ ಐದನೇ ಆವೃತ್ತಿಯಲ್ಲಿ. ಯೋಗ್ಯತೆಯೆಂದರೆ ಇಲ್ಲಿ ತೋಳ್ಬಲವಲ್ಲ, ಆಯಾ ಪರಿಸರದಲ್ಲಿ ಉಳಿಯುವ ಸಂತಾನ. ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನೂ ನೆರೆಯನ್ನೂ ತಾಳುತ್ತದೆ; ಸಿಹಿನೀರಿನ ಬೈಲಿನಲ್ಲಿ ಇಳುವರಿಗೆ ಬಂದರೆ ಸುಧಾರಿತ ತಳಿಗಳೇ ಮುಂದು. ಗಜನಿಯಲ್ಲಿ ರೈತರ ಬೀಜ ಆರಿಸುವ ಕೈಯೂ ಉಬ್ಬರದ ಉಪ್ಪೂ ಸೇರಿ ಕೆಲಸ ಮಾಡಿವೆ.

ಯೋಗ್ಯತೆ ಶಾಶ್ವತವೂ ಅಲ್ಲ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1973ರಲ್ಲಿ ಜಿಗಿಹುಳು ನಿರೋಧಕ ಐ.ಆರ್.-26 ತಳಿಯನ್ನು ಬಿಡುಗಡೆ ಮಾಡಿತು. ಕೆಲವೇ ವರ್ಷಗಳಲ್ಲಿ ಆ ತಳಿಯ ಮೇಲೂ ಬದುಕಬಲ್ಲ ಹುಳುಗಳು ಹೆಚ್ಚಿದವು. 1976ರಲ್ಲಿ ಬೇರೊಂದು ನಿರೋಧಕ ಜೀನಿನ ಐ.ಆರ್.-36 ತರಬೇಕಾಯಿತು.

ಮೂರನೆಯ ತಪ್ಪು: ‘ವಿಕಾಸವೆಂದರೆ ಏಣಿ’

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಿಂದ ಹಾರುವ ಓತಿ ಕನ್ನಡ ಓದುಗರ ಮನಸ್ಸಿನಲ್ಲಿ ವಿಕಾಸದ ಸಂಕೇತವಾಗಿ ನಿಂತಿದೆ. ಅದನ್ನು ಹಲ್ಲಿಗೂ ಹಕ್ಕಿಗೂ ನಡುವಿನ ಮೆಟ್ಟಿಲೆಂದು ಭಾವಿಸುವವರೂ ಇದ್ದಾರೆ. ಪಶ್ಚಿಮ ಘಟ್ಟದಲ್ಲೂ ಅದರ ತಪ್ಪಲಿನ ಅಡಿಕೆ ತೋಟಗಳಲ್ಲೂ ಕಾಣುವ ಡ್ರಾಕೊ ಡುಸುಮಿಯೇರಿ ಎಂಬ ಈ ಓತಿಯ ರಚನೆ ಬೇರೆಯೇ ಕಥೆ ಹೇಳುತ್ತದೆ. ಹಕ್ಕಿಯ ರೆಕ್ಕೆ ಮುಂಗಾಲಿನ ಮಾರ್ಪಾಡು. ಓತಿಯದು ಉದ್ದಕ್ಕೆ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ. ಮರದಿಂದ ಜಿಗಿದ ಮೇಲೆ ಅದು ಮುಂಗಾಲುಗಳಿಂದ ಆ ಚರ್ಮದ ಮುಂದಂಚನ್ನು ಹಿಡಿದುಕೊಳ್ಳುತ್ತದೆ ಎಂದು 2017ರ ಅಧ್ಯಯನವೊಂದು ತೋರಿಸಿತು. ಹಕ್ಕಿಯಾಗಲು ಹೊರಟು ಅರ್ಧದಾರಿಯಲ್ಲಿ ನಿಂತ ಜೀವಿ ಇದಲ್ಲ. ಮರದಿಂದ ಮರಕ್ಕೆ ತೇಲುವ ತನ್ನ ಬಾಳಿಗೆ ಸಲ್ಲುವ ಬೇರೊಂದು ಕವಲು.

ದಶಾವತಾರವನ್ನು ವಿಕಾಸದ ಮುನ್ನುಡಿಯೆಂದು ವಿವರಿಸುವಾಗಲೂ ಏಣಿಯ ಕಲ್ಪನೆಯೇ ಕೆಲಸ ಮಾಡುತ್ತದೆ. ಮೀನು ಆಮೆಯಾಗಿ, ಆಮೆ ಹಂದಿಯಾಗಿ ಮೇಲೇರಿತೆಂದು ವಿಕಾಸವಾದ ಹೇಳುವುದಿಲ್ಲ. ಮೂರೂ ಇಂದು ಬದುಕಿರುವ ಕವಲುಗಳು. ‘ಇಂದಿನ ಮಂಗವೇಕೆ ಮನುಷ್ಯನಾಗುತ್ತಿಲ್ಲ?’ ಎಂಬ ಪ್ರಶ್ನೆಗೂ ಇದೇ ಉತ್ತರ: ಮಂಗ ನಮ್ಮ ಪೂರ್ವಜನಲ್ಲ, ದೂರದ ದಾಯಾದಿ.

ನಾಲ್ಕನೆಯ ತಪ್ಪು: ‘ಎಲ್ಲವೂ ಆಕಸ್ಮಿಕ’

ಜೀನಿನ ಮಾರ್ಪಾಡು ಜೀವಿಯ ಅಗತ್ಯ ನೋಡಿ ಬರುವುದಿಲ್ಲ. ಆ ಅರ್ಥದಲ್ಲಿ ಅದು ಆಕಸ್ಮಿಕ. ಅದರ ಮೇಲೆ ನಡೆಯುವ ಆಯ್ಕೆ ಹಾಗಲ್ಲ. ಮೇಲಿನ ಲೆಕ್ಕದಲ್ಲಿ ಯಾವ ಹತ್ತು ಹುಳುಗಳಲ್ಲಿ ನಿರೋಧಕ ಗುಣವಿತ್ತು ಎಂಬುದು ಆಕಸ್ಮಿಕ. ಪ್ರತಿ ಸಿಂಪರಣೆಯೂ ಅವುಗಳ ಪ್ರಮಾಣವನ್ನು ಒಂದೇ ದಿಕ್ಕಿಗೆ ತಳ್ಳಿದ್ದು ನಿಯಮ.

ಸಮಾರೋಪ

ಎನ್‌ಸಿಇಆರ್‌ಟಿ 2023ರಲ್ಲಿ ಹತ್ತನೇ ತರಗತಿಯ ‘ಆನುವಂಶಿಕತೆ ಮತ್ತು ವಿಕಾಸ’ ಪಾಠದಿಂದ ವಿಕಾಸದ ಭಾಗವನ್ನು ಕೈಬಿಟ್ಟಿತು. ಮುಂದೆ ಜೀವಶಾಸ್ತ್ರವನ್ನು ಆರಿಸದ ವಿದ್ಯಾರ್ಥಿಗೆ ಈ ವಿಚಾರ ಶಾಲೆಯಲ್ಲಿ ಸಿಗುವುದೇ ಕಷ್ಟ. ನಷ್ಟ ತಾತ್ವಿಕವಾದುದಷ್ಟೇ ಅಲ್ಲ. ಹುಳ ಮದ್ದಿಗೆ ಒಗ್ಗಿದೆಯೆಂದು ನಂಬಿದವರು ಪ್ರಮಾಣ ಹೆಚ್ಚಿಸಿ ಅದನ್ನೇ ಹೊಡೆಯುತ್ತಾರೆ. ಆಯ್ಕೆಯನ್ನು ಅರಿತವರು ಬೇರೆ ಬಗೆಯ ಮದ್ದಿಗೆ ಬದಲಾಯಿಸುತ್ತಾರೆ, ಅನಗತ್ಯ ಸಿಂಪರಣೆ ಬಿಡುತ್ತಾರೆ, ಹುಳುವನ್ನು ತಿನ್ನುವ ಜೇಡವನ್ನು ಉಳಿಸುತ್ತಾರೆ. ಪಠ್ಯದಲ್ಲಿ ಇರಲಿ ಇಲ್ಲದಿರಲಿ, ಕರಾವಳಿಯ ಅಧ್ಯಾಪಕರು ಈ ಪಾಠವನ್ನು ಗದ್ದೆಯ ಲೆಕ್ಕದಿಂದಲೇ ಆರಂಭಿಸಬೇಕು.