ಕಾರ್ಡ್ ಉಂಟು, ಆದ್ರೆ ಇಲ್ಲಿ ನಡೆಯೂದಿಲ್ಲ

ನೀವು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಾದ್ರೆ ನಿಮ್ಮ ಮನೆಯಲ್ಲೂ ಒಂದು ಪ್ಲಾಸ್ಟಿಕ್ ಫೈಲ್ ಇರ್ತದೆ. ಅದ್ರೊಳಗೆ ಅಪ್ಪನದ್ದೋ ಅಜ್ಜನದ್ದೋ ಪಿಂಚಣಿ ಕಾಗದ, ಶುಗರ್ ರಿಪೋರ್ಟ್, ಹಳೇ ಇಸಿಜಿ, ಮತ್ತೆ ಒಂದು ಆರೋಗ್ಯ ವಿಮೆಯ ಕಾರ್ಡ್. ಊರಿನ ಆಸ್ಪತ್ರೆಯ ಕೌಂಟರ್‌ನಲ್ಲಿ ಆ ಕಾರ್ಡ್ ತೋರಿಸಿದ್ರೆ ಎಷ್ಟೋ ಸಲ ಬರುವ ಉತ್ತರ ಇದು: "ಇದು ಇಲ್ಲಿ ನಡೆಯೂದಿಲ್ಲ. ದುಡ್ಡು ಕಟ್ಟಿ, ಮತ್ತೆ ಕ್ಲೇಮ್ ಮಾಡಿ. ಇಲ್ಲಾಂದ್ರೆ ಮಂಗಳೂರಿಗೆ ಹೋಗಿ."

ಮಂಗಳೂರು ಬಿ.ಸಿ.ರೋಡಿನಿಂದ ಸುಮಾರು 25 ಕಿ.ಮೀ., ಮೂಡುಬಿದಿರೆಯಿಂದ 35, ಬೆಳ್ತಂಗಡಿಯಿಂದ 60ರ ಹತ್ತಿರ. ಎದೆನೋವು ಅಂತ ಕೂತ ಎಪ್ಪತ್ತು ದಾಟಿದ ಮನುಷ್ಯನಿಗೆ ಈ ಮೂರು ನಂಬರ್‌ಗಳ ಅರ್ಥ ಬೇರೆ ಬೇರೆ.

ಆ ಉತ್ತರ ಕೌಂಟರಿನಲ್ಲಿ ಕೂತ ಹುಡುಗಿ ತನ್ನ ತಲೆಯಿಂದ ಹುಟ್ಟಿಸಿದ್ದಲ್ಲ. ಅದರ ಹಿಂದೆ 75 ವರ್ಷಕ್ಕೂ ಮಿಕ್ಕಿದ ಇತಿಹಾಸ ಉಂಟು. ಇವತ್ತಿನ ಎಪಿಸೋಡ್ ಅದರ ಬಗ್ಗೆ.

ಶುರು ಮಾಡ್ಬೇಕಾದ್ದು 1948ರಿಂದ. ಆ ವರ್ಷ ನೌಕರರ ರಾಜ್ಯ ವಿಮಾ ಕಾಯ್ದೆ, ಅಂದ್ರೆ ನಾವೆಲ್ಲ ಇಎಸ್‌ಐ ಅಂತ ಕರೆಯುವುದು, ಪಾಸಾಯ್ತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಆರಂಭ. 1954ರಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ಸಿಜಿಎಚ್‌ಎಸ್, ಅದೂ ಮೊದಲು ದೆಹಲಿಯಲ್ಲಿ. ಎರಡೂ ಒಳ್ಳೆಯ ಯೋಜನೆಗಳೇ. ಆದ್ರೆ ಇಎಸ್‌ಐ ಹುಟ್ಟಿದ್ದು ಸಂಬಳದ ಚೀಟಿಯಿಂದ. ಸಂಬಳದಲ್ಲಿ ಒಂದು ಪಾಲು ಕಡಿತ, ಮಾಲೀಕನದ್ದೊಂದು ಪಾಲು, ಬದಲಿಗೆ ಔಷಧ. ಸಂಬಳ ನಿಂತ ದಿನ ಏನು? ಅದಕ್ಕೂ ಒಂದು ನಿಯಮ ಉಂಟು. ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದ್ರೆ ತನಗೆ ಮತ್ತು ಗಂಡ ಅಥವಾ ಹೆಂಡತಿಗೆ ಚಿಕಿತ್ಸೆ ಸಿಗ್ತದೆ. ಹೌದು, ತಿಂಗಳಿಗೆ ಹತ್ತೇ ರೂಪಾಯಿ! ಗೇರುಬೀಜದ ಫ್ಯಾಕ್ಟರಿಯಿಂದ ನಿವೃತ್ತರಾದ ಎಷ್ಟೋ ಅಮ್ಮಂದಿರಿಗೆ ಇದನ್ನು ಯಾರೂ ಹೇಳಿರೂದಿಲ್ಲ. ನಿಮ್ಮ ಮನೆಯಲ್ಲಿ ಅಂಥವರಿದ್ರೆ ಇಲ್ಲೇ ಪಾಸ್ ಮಾಡಿ, ಅವ್ರಿಗೆ ಹೇಳಿ ಬನ್ನಿ.

ಕೇಂದ್ರದ ಪಿಂಚಣಿದಾರರ ಕಥೆ ಇನ್ನೊಂದು ಥರ. ಸಿಜಿಎಚ್‌ಎಸ್ ನಗರಗಳ ವ್ಯವಸ್ಥೆ. ಅದರ ವ್ಯಾಪ್ತಿಯ ಹೊರಗೆ ಇರುವವರಿಗೆ ದಿನನಿತ್ಯದ ಔಷಧದ ಖರ್ಚಿಗೆ ಅಂತ ತಿಂಗಳಿಗೆ 1,000 ರೂಪಾಯಿ ಭತ್ಯೆ. 2017ರ ಜುಲೈನಿಂದ ಇದೇ ದರ. ಬಿಪಿ, ಶುಗರ್ ಎರಡೂ ಇದ್ದವರು ಮೆಡಿಕಲ್ ಶಾಪಿನ ಬಿಲ್ ತೆಗೆದು ಲೆಕ್ಕ ಹಾಕಿ ನೋಡಿ.

ರಾಜ್ಯ ಸರ್ಕಾರದ ಮೇಷ್ಟ್ರುಗಳಿಗೆ? ಕೆಲಸದಲ್ಲಿರುವಾಗ 1963ರ ವೈದ್ಯಕೀಯ ಹಾಜರಾತಿ ನಿಯಮಗಳು ಇದ್ದವು. ಆಮೇಲೆ 2014ರ ಆದೇಶದ ಮೇಲೆ ಜ್ಯೋತಿ ಸಂಜೀವಿನಿ ಬಂತು. ಹೃದಯ, ಕ್ಯಾನ್ಸರ್, ನರರೋಗದಂತಹ ದೊಡ್ಡ ಕಾಯಿಲೆಗಳಿಗೆ ನಗದುರಹಿತ ಚಿಕಿತ್ಸೆ. ಯಾರಿಗೆ? ನೌಕರರಿಗೆ ಮತ್ತು ಅವರ ಅವಲಂಬಿತರಿಗೆ. ನಿವೃತ್ತರು ಆ ಪಟ್ಟಿಯಲ್ಲಿ ಇರ್ಲಿಲ್ಲ. 35 ವರ್ಷ ಬೆಳ್ತಂಗಡಿಯ ಗುಡ್ಡಗಾಡಿನ ಶಾಲೆಗೆ ನಡೆದುಕೊಂಡು ಹೋದ ಮೇಷ್ಟ್ರಿಗೆ ಹೃದಯದ ತೊಂದರೆ ಬರುವುದು 45ಕ್ಕಿಂತ 65ಕ್ಕೇ ಜಾಸ್ತಿ ಅಂತ ಗೊತ್ತಾಗ್ಲಿಕ್ಕೆ ಡಾಕ್ಟರೇ ಆಗ್ಬೇಕಾ ಮಾರ್ರೆ?

ಬೀಡಿ ಕಟ್ಟುವವರ ವಿಷಯ ಇಲ್ಲಿ ಹೇಳದೆ ಮುಂದೆ ಹೋದ್ರೆ ನಮ್ಮೂರಿನ ಇತಿಹಾಸ ಅಪೂರ್ಣ. ಬಂಟ್ವಾಳ, ಬೆಳ್ತಂಗಡಿಯ ಜಗಲಿಗಳಲ್ಲಿ ಬೀಡಿ ಸುರುಟಿದ ಹೆಂಗಸರು ಮನೆಯಲ್ಲೇ ಕೂತು ದುಡಿದವರು. ಅವರಿಗಾಗಿ 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯ್ದೆ ಬಂತು. ಬೀಡಿಯ ಮೇಲೆ ಸೆಸ್ ಹಾಕಿ, ಆ ದುಡ್ಡಲ್ಲಿ ಔಷಧಾಲಯ ಮತ್ತಿತರ ಸೌಲಭ್ಯ ಕೊಡುವ ಏರ್ಪಾಡು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸೇ ರದ್ದಾಯ್ತು. ಅವರಿಗೆ ನಿವೃತ್ತಿ ಅಂತ ಒಂದು ದಿನವೂ ಇಲ್ಲ. ಬೆರಳು ಸೋತ ದಿನವೇ ನಿವೃತ್ತಿ.

ಈಗ ಖಾಸಗಿಯಾಗಿ ತೆಗೊಳ್ಳುವ ವಿಮೆಗೆ ಬರುವ. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣ ಆಯ್ತು, ನಾಲ್ಕು ಸರ್ಕಾರಿ ಕಂಪೆನಿಗಳು ಉಳಿದವು. 1986ರಲ್ಲಿ ಅವು ಮೆಡಿಕ್ಲೇಮ್ ಅಂತ ಒಂದು ಪಾಲಿಸಿ ತಂದವು. ಆಗ ಕ್ಯಾಶ್‌ಲೆಸ್ ಅಂತ ಒಂದು ಶಬ್ದವೇ ಇಲ್ಲ. ಯಾವ ಆಸ್ಪತ್ರೆಗಾದ್ರೂ ಹೋಗಿ, ದುಡ್ಡು ಕಟ್ಟಿ, ಬಿಲ್ ಕಳಿಸಿ, ಕಾಯಿರಿ. ಕೈಯಲ್ಲಿ ದುಡ್ಡಿದ್ದವನಿಗೆ ಮಾತ್ರ ಆಗುವ ಕೆಲಸ, ನಿಜ. ಆದ್ರೆ "ನಿಮ್ಮೂರಿನ ಆಸ್ಪತ್ರೆ ನಮ್ಮ ಪಟ್ಟಿಯಲ್ಲಿಲ್ಲ" ಅನ್ನುವ ಮಾತು ಆಗ ಇರ್ಲಿಲ್ಲ.

ಪಟ್ಟಿ ಹುಟ್ಟಿದ್ದು 2001ರ ನಂತರ. ವಿಮಾ ನಿಯಂತ್ರಣ ಪ್ರಾಧಿಕಾರ ಆ ವರ್ಷ ಟಿಪಿಎ ನಿಯಮಗಳನ್ನು ತಂತು. ಟಿಪಿಎ ಅಂದ್ರೆ ಕಂಪೆನಿ ಮತ್ತು ಆಸ್ಪತ್ರೆಯ ನಡುವೆ ಕೂತು ಬಿಲ್ ನೋಡುವ ಏಜೆನ್ಸಿ. ಕ್ಯಾಶ್‌ಲೆಸ್ ಬಂತು, ಜನ ಖುಷಿಯಾದ್ರು. ಆದ್ರೆ ಕ್ಯಾಶ್‌ಲೆಸ್ ಆಗ್ಬೇಕಾದ್ರೆ ಆಸ್ಪತ್ರೆಯೊಂದಿಗೆ ಮೊದಲೇ ಒಪ್ಪಂದ ಬೇಕು. ಒಪ್ಪಂದ ಅಂದ್ರೆ ದರ, ದರ ಅಂದ್ರೆ ಚೌಕಾಸಿ. 2010ರ ಜುಲೈನಲ್ಲಿ ಈ ಚೌಕಾಸಿ ಬೀದಿಗೆ ಬಂತು. ನಾಲ್ಕೂ ಸರ್ಕಾರಿ ಕಂಪೆನಿಗಳು ದೆಹಲಿ, ಮುಂಬಯಿ, ಬೆಂಗಳೂರು, ಚೆನ್ನೈನ ಎಷ್ಟೋ ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾಶ್‌ಲೆಸ್ ನಿಲ್ಲಿಸಿಬಿಟ್ಟವು. ನಿಗದಿತ ದರಕ್ಕೆ ಒಪ್ಪಿದ ಆಸ್ಪತ್ರೆ ಮಾತ್ರ ಒಳಗೆ. ದೇಶದ ಪೇಪರ್‌ಗಳೆಲ್ಲ ಬರೆದವು, ಯಾಕಂದ್ರೆ ಅದು ಮಹಾನಗರದ ಸುದ್ದಿ. ತಾಲೂಕು ಕೇಂದ್ರದ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್ ಪಟ್ಟಿಯಲ್ಲಿ ಇಲ್ಲ ಅಂದ್ರೆ ಅದು ಯಾರಿಗೂ ಸುದ್ದಿ ಅಲ್ಲ.

ಆಸ್ಪತ್ರೆಯವರ ಕಡೆಯ ಮಾತೂ ಕೇಳ್ಬೇಕು. ಬಿಲ್ ಕಳಿಸಿದ ಮೇಲೆ ದುಡ್ಡಿಗೆ ಕಾಯ್ಬೇಕು, ಕಡಿತ ಆಗ್ತದೆ, ಕಾಗದಪತ್ರ ನೋಡ್ಲಿಕ್ಕೇ ಒಬ್ಬರನ್ನು ಇಡ್ಬೇಕು. ದೊಡ್ಡ ಆಸ್ಪತ್ರೆಗೆ ಇದು ಸುಧಾರಿಸ್ತದೆ, ಸಣ್ಣವರಿಗೆ ನಗದೇ ಜೀವ. ಅದ್ರ ಮೇಲೆ ಪಾಲಿಸಿಯಲ್ಲಿ 'ಆಸ್ಪತ್ರೆ' ಅನ್ನುವುದಕ್ಕೇ ಒಂದು ವ್ಯಾಖ್ಯೆ ಉಂಟು. ಕಾನೂನು ಹೇಳಿದ ನೋಂದಣಿ ಇರ್ಬೇಕು. ಇಲ್ಲಾಂದ್ರೆ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಲ್ಲಿ ಕನಿಷ್ಠ 10 ಹಾಸಿಗೆ, 24 ಗಂಟೆ ಡಾಕ್ಟರ್ ಮತ್ತು ನರ್ಸ್, ಸ್ವಂತ ಆಪರೇಷನ್ ಥಿಯೇಟರ್ ಇರ್ಬೇಕು. ನಾಲ್ಕು ಬೆಡ್ ಹಾಕಿ ಡ್ರಿಪ್ ಏರಿಸುವ ಊರಿನ ಡಾಕ್ಟರ ಕ್ಲಿನಿಕ್ ಈ ಅಳತೆಗೆ ನಿಲ್ಲೂದಿಲ್ಲ. ಅಲ್ಲಿ ಕ್ಯಾಶ್‌ಲೆಸ್ ಬಿಡಿ, ಬಿಲ್ ಕಳಿಸಿದ್ರೂ ವಾಪಸ್ ಬರುವ ಸಾಧ್ಯತೆಯೇ ಹೆಚ್ಚು.

ಈಗ ನಮ್ಮ ಜಿಲ್ಲೆಯದ್ದೇ ಆದ ಕಥೆ: ಬ್ಯಾಂಕಿನವರು.

ಕಾಮರ್ಸ್ ಓದಿದ ನಮಗೆಲ್ಲ ಬಾಯಿಪಾಠ. ಮಂಗಳೂರಲ್ಲಿ ಕೆನರಾ ಬ್ಯಾಂಕ್ 1906, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ, ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931. 1928ರಲ್ಲಿ ಸಿಂಡಿಕೇಟ್ ಶುರುಮಾಡಿದ ಪಿಗ್ಮಿ ಠೇವಣಿ ದಿನಕ್ಕೆ ಎರಡಾಣೆಯದ್ದು. ಮೀನು ಮಾರುವವರಿಂದ, ನೇಕಾರರಿಂದ ಮನೆಬಾಗಿಲಿಗೇ ಹೋಗಿ ಸಂಗ್ರಹ. ಸಣ್ಣ ಸಣ್ಣ ದುಡ್ಡು ಒಟ್ಟಾದ್ರೆ ದೊಡ್ಡ ಕಷ್ಟ ತಡೀಬಹುದು ಅಂತ ದೇಶಕ್ಕೆ ತೋರಿಸಿಕೊಟ್ಟ ಜಾಗ ಇದು. ವಿಮೆ ಅಂದ್ರೂ ಅದೇ ಅಲ್ವಾ? 1969 ಮತ್ತು 1980ರ ರಾಷ್ಟ್ರೀಕರಣದಲ್ಲಿ ಕರ್ಣಾಟಕ ಬ್ಯಾಂಕ್ ಬಿಟ್ಟು ಉಳಿದ ನಾಲ್ಕೂ ಸರ್ಕಾರಿ ಆದವು. ನಮ್ಮ ಹಳ್ಳಿಗಳ ಹುಡುಗರು ಪಟ್ನಾ, ಲಕ್ನೋ, ಗುವಾಹಟಿ ಅಂತ ಟ್ರಾನ್ಸ್‌ಫರ್ ತಿರುಗಿ, ರಿಟೈರ್ ಆಗಿ ಊರಿಗೆ ಬಂದು ಮನೆ ಕಟ್ಟಿದ್ರು. ಅಂಗಳದಲ್ಲಿ ಅಡಿಕೆ, ಗೋಡೆಯಲ್ಲಿ ಬ್ಯಾಂಕಿನ ಕ್ಯಾಲೆಂಡರ್.

2015ರ ಮೇ 25ರಂದು ಭಾರತೀಯ ಬ್ಯಾಂಕುಗಳ ಸಂಘ ಮತ್ತು ಯೂನಿಯನ್‌ಗಳ ನಡುವೆ ಹತ್ತನೇ ದ್ವಿಪಕ್ಷೀಯ ಒಪ್ಪಂದ ಆಯ್ತು. ಅದ್ರಲ್ಲೊಂದು ಗುಂಪು ಆರೋಗ್ಯ ವಿಮೆ. ಅಧಿಕಾರಿಗಳಿಗೆ 4 ಲಕ್ಷ, ಗುಮಾಸ್ತರು ಮತ್ತು ಕೆಳಗಿನ ಸಿಬ್ಬಂದಿಗೆ 3 ಲಕ್ಷ. ನಿವೃತ್ತರೂ ಸೇರಬಹುದು. ಹಳೇ ಕಾಯಿಲೆ ಇದ್ರೂ ಪರ್ವಾಗಿಲ್ಲ. ಎಷ್ಟು ಚಂದ! ಒಂದೇ ವ್ಯತ್ಯಾಸ: ಕೆಲಸದಲ್ಲಿರುವವರ ಪ್ರೀಮಿಯಂ ಬ್ಯಾಂಕ್ ಕಟ್ತದೆ, ನಿವೃತ್ತರದ್ದು ಅವರೇ ಕಟ್ಟಬೇಕು. ಮೊದಲ ವರ್ಷ ನಿವೃತ್ತ ಅಧಿಕಾರಿಗೆ ತೆರಿಗೆ ಸೇರಿ ಸುಮಾರು ಏಳೂವರೆ ಸಾವಿರ ರೂಪಾಯಿ. ನಂತರದ ವರ್ಷಗಳಲ್ಲಿ ಅದು ಹಲವು ಪಟ್ಟು ಏರಿತು. ಮನೆಯಲ್ಲೇ ತೆಗೊಳ್ಳುವ ಔಷಧದ ಖರ್ಚು ಬೇಕಾದವರಿಗೆ ಒಂದು ದರ, ಬೇಡದವರಿಗೆ ಇನ್ನೊಂದು ಅಂತ ಬೇರೆ ಮಾಡಿದ್ರು.

ಯಾಕೆ ಏರಿತು? ಬೆಳ್ತಂಗಡಿಯಿಂದ ಹೊರಡುವ ಸರ್ವಿಸ್ ಜೀಪ್ ನೆನಪು ಮಾಡಿ. ಹತ್ತು ಜನ ಇದ್ರೆ ಬಾಡಿಗೆ ಹಂಚಿ ಹೋಗ್ತದೆ. ನಡೆಯಲು ತಾಕತ್ತಿದ್ದ ಇಬ್ಬರು ಬಾಡಿಗೆ ಜಾಸ್ತಿ ಅಂತ ಇಳಿದ್ರೆ, ಉಳಿದ ಎಂಟು ಜನರ ಪಾಲು ಏರ್ತದೆ. ಆಗ ಇನ್ನಿಬ್ಬರು ಇಳೀತಾರೆ. ಕೊನೆಗೆ ಜೀಪಲ್ಲಿ ಕಾಲು ನೋವಿನವರು ಮಾತ್ರ. ನಿವೃತ್ತರ ವಿಮೆ ಸ್ವಂತ ಖರ್ಚಿನದ್ದು, ಬೇಕಾದವರು ಮಾತ್ರ ಸೇರುವಂಥದ್ದು. ಗಟ್ಟಿಮುಟ್ಟಾದವರು ಬಿಟ್ರು, ಕಾಯಿಲೆಯವರು ಉಳಿದ್ರು, ಕ್ಲೇಮ್ ಏರಿತು, ಪ್ರೀಮಿಯಂ ಏರಿತು. ಲಕ್ಷಾಂತರ ಯುವ ನೌಕರರ ಜೊತೆ ಒಂದೇ ಜೀಪಿನಲ್ಲಿ ಕೂರಿಸಿ ಒಂದೇ ಬಾಡಿಗೆ ಇಟ್ಟಿದ್ರೆ ಲೆಕ್ಕವೇ ಬೇರೆ ಆಗ್ತಿತ್ತು. ನನ್ನ ಮಟ್ಟಿಗೆ ಇಡೀ ಕಥೆಯ ಗಂಟು ಇಲ್ಲೇ ಇರುವುದು. ವಯಸ್ಸಾದವರು ದುಬಾರಿ ಅನ್ನುವುದು ಅರ್ಧ ಸತ್ಯ. ವಯಸ್ಸಾದವರನ್ನು ಬೇರೆ ಕೂರಿಸಿದ್ರಿಂದ ಅವರು ದುಬಾರಿ ಆದ್ರು.

ಇನ್ನೊಂದು ಕಡೆ ಪಿಂಚಣಿ. 1995ರ ನಿಯಮದಂತೆ ನಿಗದಿಯಾದ ಮೂಲ ಪಿಂಚಣಿ, ಆಮೇಲಿನ ವೇತನ ಒಪ್ಪಂದಗಳ ಜೊತೆ ಏರಿಲ್ಲ. ತುಟ್ಟಿಭತ್ಯೆ ಮಾತ್ರ ಏರ್ತದೆ. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬೇರೆ ಬ್ಯಾಂಕುಗಳಲ್ಲಿ ವಿಲೀನ ಆದವು. ಗೋಡೆಯ ಕ್ಯಾಲೆಂಡರಿನ ಹೆಸರೂ ಹೋಯ್ತು.

ಸಂಬಳದ ಚೀಟಿ ಕೇಳದ ವಿಮೆ ಇರ್ಲೇ ಇಲ್ವಾ? ಇತ್ತು, ಮತ್ತೆ ಅದಕ್ಕೂ ನಮ್ಮೂರಿಗೂ ಸಂಬಂಧ ಉಂಟು. ಮೂಡುಬಿದಿರೆಯ ಪಕ್ಕದ ಕಿನ್ನಿಗೋಳಿಯಲ್ಲಿ ಹುಟ್ಟಿದ ಡಾ. ದೇವಿ ಶೆಟ್ಟಿ ಅವರ ಒತ್ತಾಸೆಯಿಂದ, ರಾಜ್ಯದ ಸಹಕಾರ ಇಲಾಖೆಯ ಜೊತೆ ಯಶಸ್ವಿನಿ ರೂಪುಗೊಂಡಿತು. 2003ರ ಜೂನ್‌ನಲ್ಲಿ ಜಾರಿ. ಸಹಕಾರಿ ಸಂಘದ ಸದಸ್ಯರಾದ್ರೆ ಸಾಕು, ತಿಂಗಳಿಗೆ ಐದು ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದ್ರು. ಜೀಪ್ ತುಂಬಿತ್ತು, ಅದಕ್ಕೇ ಬಾಡಿಗೆ ಕಡಿಮೆ. ಮರುವರ್ಷ, 2004ರಲ್ಲಿ, ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ತನ್ನ ಸ್ವಸಹಾಯ ಗುಂಪುಗಳ ಕುಟುಂಬಗಳಿಗೆ ಸಂಪೂರ್ಣ ಸುರಕ್ಷಾ ತಂತು. ಇಲ್ಲಿ ಕೇಳಿದ್ದು ಗುಂಪಿನ ಸದಸ್ಯತ್ವ. ಆದ್ರೆ ಯಶಸ್ವಿನಿಯಲ್ಲೂ 75 ವರ್ಷ ಅಂತ ಒಂದು ಗೆರೆ ಇತ್ತು. 2018ರಲ್ಲಿ ಅದು ಆರೋಗ್ಯ ಕರ್ನಾಟಕದೊಳಗೆ ಕರಗಿತು, 2022ರ ಕೊನೆಗೆ ಮತ್ತೆ ನೋಂದಣಿ ಶುರುವಾಯ್ತು.

ಆರೋಗ್ಯ ಕರ್ನಾಟಕ ಎಲ್ಲರಿಗೂ ಅಂತ ಬಂದದ್ದು. ಬಿಪಿಎಲ್ ಕುಟುಂಬಕ್ಕೆ 5 ಲಕ್ಷ. ಪಿಂಚಣಿ ಬರುವ ಮನೆ ಸಾಮಾನ್ಯವಾಗಿ ಎಪಿಎಲ್. ಅವರಿಗೆ ನಿಗದಿತ ದರದ ಶೇ. 30 ಮಾತ್ರ ಸರ್ಕಾರದ್ದು, ಉಳಿದ ಶೇ. 70 ಕೈಯಿಂದ. ತುರ್ತು ಅಲ್ಲದಿದ್ರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ರೆ ರೆಫರಲ್ ಪತ್ರ ತರಬೇಕು. 2024ರ ಅಕ್ಟೋಬರ್ 29ರಂದು ಕೇಂದ್ರ, 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರ್ಲಿ, 5 ಲಕ್ಷದ ಆಯುಷ್ಮಾನ್ ವಯ ವಂದನಾ ಕಾರ್ಡ್ ಪ್ರಕಟಿಸಿತು. ಖರ್ಚು ಕೇಂದ್ರ 60, ರಾಜ್ಯ 40. ಆಸ್ಪತ್ರೆ ಪಟ್ಟಿಯಲ್ಲಿರಬೇಕು ಅನ್ನುವ ಷರತ್ತು ಇಲ್ಲೂ ಉಂಟು. ಮತ್ತೆ 60ರಿಂದ 70ರವರೆಗಿನ ಹತ್ತು ವರ್ಷ? ಅದು ಹಾಗೇ ಬಾಕಿ.

ಈಚೆಗೆ ಕೆಲವು ಬಾಗಿಲು ತೆರೆದಿದೆ. 2024ರ ಜನವರಿಯಲ್ಲಿ ಸಾಮಾನ್ಯ ವಿಮಾ ಮಂಡಳಿ 'ಎಲ್ಲೆಡೆ ಕ್ಯಾಶ್‌ಲೆಸ್' ಅಂತ ಘೋಷಿಸಿತು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳಬಹುದು. ಮೊದಲೇ ಗೊತ್ತಿರುವ ಚಿಕಿತ್ಸೆಗೆ 48 ಗಂಟೆ ಮುಂಚೆ, ತುರ್ತಾದ್ರೆ ದಾಖಲಾಗಿ 48 ಗಂಟೆಯೊಳಗೆ ಕಂಪೆನಿಗೆ ತಿಳಿಸಬೇಕು. ಆಸ್ಪತ್ರೆ ಒಪ್ಪಬೇಕು, ಕಂಪೆನಿಯೂ ಒಪ್ಪಬೇಕು, ಹಾಗಾಗಿ ಇದು ಗ್ಯಾರಂಟಿ ಅಲ್ಲ. ಆದ್ರೆ ಕೇಳದೆ ಮಂಗಳೂರಿಗೆ ಹೊರಡ್ಬೇಡಿ. ಅದೇ ವರ್ಷ ಏಪ್ರಿಲ್‌ನಿಂದ 65ರ ನಂತರ ಹೊಸ ಪಾಲಿಸಿ ಇಲ್ಲ ಅನ್ನುವ ಹಳೇ ಗೆರೆಯೂ ಹೋಗಿದೆ. 2025ರ ಜನವರಿ ಕೊನೆಯಿಂದ, ಹಿರಿಯರ ವೈಯಕ್ತಿಕ ಪಾಲಿಸಿಯ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸ್ಬೇಕಾದ್ರೆ ಕಂಪೆನಿ ಮೊದಲು ಪ್ರಾಧಿಕಾರದ ಹತ್ರ ಮಾತಾಡ್ಬೇಕು.

ಕ್ಲೇಮ್ ತಿರಸ್ಕಾರ ಆದ್ರೆ ಮೊದಲು ಕಂಪೆನಿಗೆ ಲಿಖಿತ ದೂರು. 30 ದಿನದಲ್ಲಿ ಉತ್ತರ ಬರದಿದ್ರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ರೆ, ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಕಚೇರಿ ಇರುವುದು ಬೆಂಗಳೂರಲ್ಲಿ, ಆದ್ರೆ ದೂರು ಆನ್‌ಲೈನ್‌ನಲ್ಲೇ ಕೊಡ್ಲಿಕ್ಕೆ ಆಗ್ತದೆ. ಫೀಸ್ ಇಲ್ಲ, ವಕೀಲ ಬೇಡ. ಅಪ್ಪನಿಗೆ ಆ ವೆಬ್‌ಸೈಟ್ ತೆರೆಯಲು ಬರೂದಿಲ್ಲ, ನಿಮಗೆ ಬರ್ತದೆ. ಒಂದು ವರ್ಷದ ಗಡುವು ಉಂಟು, ಹಾಗಾಗಿ ತಿರಸ್ಕಾರದ ಆ ಕಾಗದವನ್ನು ಬಿಸಾಡದೆ ಅದೇ ಪ್ಲಾಸ್ಟಿಕ್ ಫೈಲಿಗೆ ಹಾಕಿಡಿ.