ಹಳೇ ವಿಡಿಯೋ ಗೇಮ್‌ನ ಟ್ಯೂನ್ ಕೇಳಿದರೆ ಮನಸ್ಸು ಕಲಕುವುದೇಕೆ? ಇದು ಗೀಳಿನ ಲಕ್ಷಣವೇ?

ರೀಲ್ಸ್ ನೋಡುತ್ತಾ ಕೂತಾಗ ಎಲ್ಲಿಂದಲೋ ‘ಮಾರಿಯೋ’ ಗೇಮ್‌ನ ಸಂಗೀತ ಕೇಳಿಬರುತ್ತದೆ. ನಾಲ್ಕು ಸೆಕೆಂಡ್ ಸಾಕು. ಬೇಸಿಗೆ ರಜೆ, ಪೋರ್ಟಬಲ್ ಟಿವಿ, ಕ್ಯಾಸೆಟ್ ಊದಿ ಊದಿ ಹಾಕುತ್ತಿದ್ದುದು, ರಿಮೋಟ್‌ಗಾಗಿ ಅಣ್ಣನೊಂದಿಗೆ ಆಡಿದ ಜಗಳ ಎಲ್ಲವೂ ಒಮ್ಮೆಲೇ ನೆನಪಾಗುತ್ತವೆ. ಬಳ್ಳಾರಿಯ ಕೌಲ್ ಬಜಾರ್‌ನಲ್ಲಿರಲಿ, ಸಿರುಗುಪ್ಪದ ಭತ್ತದ ಗದ್ದೆಗಳ ನಡುವಿನ ಹಳ್ಳಿಯಲ್ಲಿರಲಿ, ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ಓಣಿಯಲ್ಲಿರಲಿ, ಮನೆಯಲ್ಲೋ ಪಕ್ಕದ ಮನೆಯಲ್ಲೋ ಟಿವಿ ಗೇಮ್ ಆಡಿ ಬೆಳೆದವರಿಗೆ ಇದು ಗೊತ್ತಿರುವ ಅನುಭವ. ಅವರ ಮಕ್ಕಳಿಗೆ ಇದೇ ಅನುಭವ ‘ಪಬ್ಜಿ’ಯ ಸಂಗೀತದಿಂದ ಆಗುತ್ತದೆ.

ಇದನ್ನು ನೋಡಿದ ಹಿರಿಯರು ಹೇಳುವ ಮಾತು ಎರಡು. ಒಂದು, “ಅದೆಂಥಾ ಸಂಗೀತ, ಬರೀ ಟುಂಯ್ ಟುಂಯ್ ಸದ್ದು.” ಇನ್ನೊಂದು, “ಗೇಮ್‌ಗಾಗಿ ಕಣ್ಣೀರು ಹಾಕುತ್ತಾನೆ ಅಂದರೆ ಹುಚ್ಚು ಹಿಡಿದಿದೆ.” ಇವೆರಡರಲ್ಲಿ ಎಷ್ಟು ನಿಜ, ಎಷ್ಟು ತಪ್ಪು ಕಲ್ಪನೆ? ಒಂದೊಂದಾಗಿ ನೋಡೋಣ.

ಚಿಕ್ಕ ಉತ್ತರ

ಗೇಮ್ ಸಂಗೀತಕ್ಕೆ ಮನಸ್ಸು ಕರಗುವುದು ಕಾಯಿಲೆಯಲ್ಲ. ಸಂಗೀತ, ನೆನಪು ಮತ್ತು ಮಿದುಳಿನ ಖುಷಿಯ ವ್ಯವಸ್ಥೆ ಮೂರೂ ಸೇರಿ ಮಾಡುವ ಸಹಜ ಕೆಲಸವದು. ಗೇಮ್ ಗೀಳು ಎಂಬ ಸಮಸ್ಯೆ ನಿಜವಾಗಿಯೂ ಇದೆ. ಆದರೆ ಅದನ್ನು ಗುರುತಿಸುವ ಲಕ್ಷಣಗಳೇ ಬೇರೆ. ಎರಡನ್ನೂ ಒಂದೇ ಎಂದುಕೊಂಡರೆ ಸಹಾಯ ಬೇಕಿಲ್ಲದ ಮಗುವಿಗೆ ಬೈಗುಳ ಸಿಗುತ್ತದೆ, ಸಹಾಯ ಬೇಕಾದ ಮಗು ಗಮನಕ್ಕೇ ಬರುವುದಿಲ್ಲ.

‘ಬರೀ ಟುಂಯ್ ಟುಂಯ್’ ಸದ್ದೇ?

1978ರಲ್ಲಿ ಬಂದ ‘ಸ್ಪೇಸ್ ಇನ್ವೇಡರ್ಸ್’ ಗೇಮ್‌ನಲ್ಲಿದ್ದದ್ದು ಮತ್ತೆ ಮತ್ತೆ ಬರುವ ನಾಲ್ಕೇ ಸ್ವರ. ಆದರೆ ಶತ್ರುಗಳು ಹತ್ತಿರ ಬಂದಂತೆ ಆ ನಾಲ್ಕು ಸ್ವರಗಳ ವೇಗವೂ ಹೆಚ್ಚುತ್ತಿತ್ತು. ಆಡುವವರ ಎದೆಬಡಿತವೂ ಅದರೊಂದಿಗೆ ಏರುತ್ತಿತ್ತು.

1985ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ ‘ಸೂಪರ್ ಮಾರಿಯೋ ಬ್ರದರ್ಸ್’ ಬಂತು. ಇದರ ಸಂಗೀತ ಕೋಜಿ ಕೊಂಡೊ ಅವರದು. ಆ ಯಂತ್ರದ ಚಿಪ್‌ನಲ್ಲಿ ಒಟ್ಟು ಐದು ಧ್ವನಿ ಮಾರ್ಗಗಳಿದ್ದವು. ರಾಗಕ್ಕೆ ಎರಡು, ಕೆಳಸ್ಥಾಯಿಗೆ ಒಂದು, ತಾಳದಂಥ ಸದ್ದಿಗೆ ಒಂದು, ಮೊದಲೇ ದಾಖಲಿಸಿದ ಪುಟ್ಟ ಸದ್ದುಗಳಿಗೆ ಇನ್ನೊಂದು. ವಾದ್ಯಗೋಷ್ಠಿಯೇ ಇಲ್ಲದ ಮೇಲೆ ಟ್ಯೂನ್ ಒಂದರ ಬಲದಲ್ಲೇ ಕೇಳುಗರನ್ನು ಹಿಡಿಯಬೇಕಿತ್ತು. ಇಷ್ಟು ಸರಳವಾಗಿದ್ದುದರಿಂದಲೇ ಆ ಟ್ಯೂನ್‌ಗಳನ್ನು ಯಾರು ಬೇಕಾದರೂ ಸಿಳ್ಳೆ ಹೊಡೆಯಬಹುದು. ನಮ್ಮ ಊರುಗಳಿಗೆ ಬಂದ ಅಗ್ಗದ ಟಿವಿ ಗೇಮ್ ಡಬ್ಬಿಗಳು ಇದೇ ಯಂತ್ರದ ನಕಲುಗಳಾಗಿದ್ದವು. ಹಾಗಾಗಿ ಟೋಕಿಯೋದ ಹುಡುಗ ಕೇಳಿದ್ದ ಸಂಗೀತವನ್ನೇ ಸಿರುಗುಪ್ಪದ ಹುಡುಗನೂ ಕೇಳಿದ.

1989ರಲ್ಲಿ ಗೇಮ್ ಬಾಯ್ ಯಂತ್ರದೊಂದಿಗೆ ಬಂದ ‘ಟೆಟ್ರಿಸ್’ನ ಪ್ರಸಿದ್ಧ ಟ್ಯೂನ್ ಹೊಸದಾಗಿ ಕಟ್ಟಿದ್ದಲ್ಲ. ಅದು ‘ಕೊರೊಬೇಯ್ನಿಕಿ’ ಎಂಬ ರಷ್ಯಾದ ಜನಪದ ಹಾಡು, 19ನೇ ಶತಮಾನದ್ದು. ಊರೂರು ಸುತ್ತಿ ಸಾಮಾನು ಮಾರುವ ವ್ಯಾಪಾರಿಗಳ ಹಾಡದು. ಅಂದರೆ ‘ಗೇಮ್ ಸದ್ದು’ ಎಂದು ನಾವು ತಳ್ಳಿಹಾಕುವುದರಲ್ಲಿ ಜನಪದವೂ ಇದೆ.

ಮನ್ನಣೆಯ ಮಾತಿಗೆ ಬಂದರೆ, 1987ರಷ್ಟು ಹಿಂದೆಯೇ ಜಪಾನಿನಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಗೇಮ್‌ನ ಸಂಗೀತವನ್ನು ವಾದ್ಯಗೋಷ್ಠಿ ವೇದಿಕೆಯ ಮೇಲೆ ನುಡಿಸಿತ್ತು. 2011ರಲ್ಲಿ ಕ್ರಿಸ್ಟೋಫರ್ ಟಿನ್ ಅವರ ‘ಬಾಬಾ ಯೇತು’ ಗ್ರ್ಯಾಮಿ ಗೆದ್ದ ಮೊದಲ ಗೇಮ್ ಸಂಗೀತವಾಯಿತು. 2021ರ ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕ್ರೀಡಾಪಟುಗಳು ಮೈದಾನಕ್ಕೆ ಬಂದದ್ದು ಗೇಮ್ ಸಂಗೀತದ ಹಿನ್ನೆಲೆಯಲ್ಲಿ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮಾರಿಯೋ ಸಂಗೀತವನ್ನು ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ‘ಸಂಗೀತವೇ ಅಲ್ಲ’ ಎಂಬ ಮಾತು ಇಲ್ಲಿಗೆ ಮುಗಿಯುತ್ತದೆ.

ಸಿನಿಮಾ ಹಾಡಿಗೂ ಗೇಮ್ ಸಂಗೀತಕ್ಕೂ ಏನು ವ್ಯತ್ಯಾಸ?

ಸಿನಿಮಾ ಹಾಡು ನಾವು ಏನೇ ಮಾಡಿದರೂ ತನ್ನ ಪಾಡಿಗೆ ಸಾಗುತ್ತದೆ. ಗೇಮ್ ಸಂಗೀತ ಹಾಗಲ್ಲ, ಅದು ನಾವು ಮಾಡುವ ಕೆಲಸಕ್ಕೆ ಕಾಯುತ್ತದೆ. ಮಾರಿಯೋದಲ್ಲಿ ಸಮಯ ಮುಗಿಯುತ್ತಾ ಬಂದರೆ ಸಂಗೀತ ಓಡತೊಡಗುತ್ತದೆ. ನೆಲದಡಿಗೆ ಇಳಿದರೆ ಟ್ಯೂನೇ ಬದಲಾಗುತ್ತದೆ. ಸತ್ತರೆ ನಿಂತುಹೋಗುತ್ತದೆ.

ಬಳ್ಳಾರಿ ಸೀಮೆಯವರಿಗೆ ಇದನ್ನು ಅರ್ಥ ಮಾಡಿಸಲು ದೂರ ಹೋಗಬೇಕಿಲ್ಲ, ತೊಗಲುಗೊಂಬೆ ಆಟವನ್ನು ನೆನೆದರೆ ಸಾಕು. ಬೆಳಗಲ್ಲು ವೀರಣ್ಣ ಅವರಂಥ ಕಲಾವಿದರಿಂದ ಬಳ್ಳಾರಿಯ ಹೆಸರು ಈ ಕಲೆಯೊಂದಿಗೆ ಬೆಸೆದುಕೊಂಡಿದೆ. ಇಲ್ಲೂ ಒಂದು ಪರದೆ, ಹಿಂದಿನಿಂದ ಬೆಳಕು, ಓಡಾಡುವ ಚಿತ್ರಗಳು. ಗೊಂಬೆ ಕುಣಿದರೆ ಮದ್ದಳೆ ಕುಣಿಯುತ್ತದೆ, ಯುದ್ಧ ಬೆಳೆದರೆ ಬಡಿತ ಬೆಳೆಯುತ್ತದೆ, ಗೊಂಬೆ ನಿಂತರೆ ಹಾಡೂ ನಿಲ್ಲುತ್ತದೆ. ಪರದೆಯ ಮೇಲಿನ ಚಲನೆಗೆ ತಕ್ಕಂತೆ ಸಂಗೀತ ಹಿಗ್ಗುವುದು, ಕುಗ್ಗುವುದು ನಮ್ಮ ಜನರಿಗೆ ಹೊಸದಲ್ಲ. ಗೇಮ್‌ನಲ್ಲಿ ಹೊಸದಿರುವುದು ಒಂದೇ: ಗೊಂಬೆಯ ಕಡ್ಡಿ ನೋಡುವವನ ಕೈಯಲ್ಲೇ ಇರುತ್ತದೆ. ಪುಣೆಯ ತಂಡವೊಂದು 2020ರಲ್ಲಿ ತಂದ ‘ರಾಜಿ’ ಗೇಮ್‌ನಲ್ಲಿ ಕತೆಯ ಕೆಲವು ಭಾಗಗಳನ್ನು ನೆರಳುಗೊಂಬೆಯ ಶೈಲಿಯಲ್ಲೇ ತೋರಿಸಿದ್ದಾರೆ.

ಮಿದುಳಿನಲ್ಲಿ ಏನಾಗುತ್ತದೆ?

ಮೊದಲನೆಯದು ಪುನರಾವರ್ತನೆ. ಕಷ್ಟದ ಹಂತವೊಂದನ್ನು ದಾಟುವವರೆಗೆ ಒಂದೇ ಟ್ಯೂನನ್ನು ನೂರಾರು ಸಲ ಕೇಳಿರುತ್ತೇವೆ. ಪದೇ ಪದೇ ಎದುರಾದ ವಸ್ತು ತಾನಾಗಿಯೇ ಇಷ್ಟವಾಗತೊಡಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯೊಂಕ್ 1968ರಲ್ಲೇ ತೋರಿಸಿದ್ದರು.

ಎರಡನೆಯದು ಖುಷಿಯ ನಿರೀಕ್ಷೆ. ನಮಗೆ ತುಂಬಾ ಇಷ್ಟವಾದ ಸಂಗೀತ ಕೇಳುವಾಗ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ ಎಂದು ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು 2011ರಲ್ಲಿ ತೋರಿಸಿದರು. ಮೈ ಜುಮ್ಮೆನ್ನುವ ಕ್ಷಣದಲ್ಲಷ್ಟೇ ಅಲ್ಲ, ‘ಈಗ ಬರುತ್ತದೆ’ ಎಂದು ಕಾಯುವಾಗಲೂ ಅದು ಬಿಡುಗಡೆಯಾಗುತ್ತದೆ. ಗೇಮ್ ಆಡುವಾಗಲೂ ಡೋಪಮಿನ್ ಹೆಚ್ಚುತ್ತದೆ ಎಂಬುದನ್ನು ಲಂಡನ್‌ನ ಸಂಶೋಧಕರು 1998ರಲ್ಲಿ, ಟ್ಯಾಂಕ್ ಓಡಿಸುವ ಗೇಮ್ ಒಂದನ್ನು ಆಡಿಸಿ ಕಂಡುಕೊಂಡಿದ್ದರು. ಗೇಮ್‌ನಲ್ಲಿ ಸಂಗೀತದ ಖುಷಿಯೂ ಗೆಲುವಿನ ಖುಷಿಯೂ ಒಟ್ಟಿಗೇ ಸಿಗುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ‘ಡೋಪಮಿನ್ ಬಂತು, ಅಂದರೆ ಚಟ ಹಿಡಿಯಿತು’ ಎನ್ನುವುದು ತಪ್ಪು. ರುಚಿಯಾದ ಊಟ, ಗೆಳೆಯರ ಭೇಟಿ, ಇಷ್ಟದ ಹಾಡು ಯಾವುದಕ್ಕಾದರೂ ಮಿದುಳು ಹೀಗೇ ಸ್ಪಂದಿಸುತ್ತದೆ.

ಮೂರನೆಯದು ವಯಸ್ಸು. ಹತ್ತರಿಂದ ಮೂವತ್ತರ ನಡುವಿನ ನೆನಪುಗಳು ಮುಂದೆ ಜೀವನವಿಡೀ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ. ಪರಿಚಿತ ಸಂಗೀತ ಕೇಳಿ ಹಳೆಯ ನೆನಪು ಮರುಕಳಿಸುವಾಗ ಹಣೆಯ ಹಿಂಬದಿಯಲ್ಲಿರುವ ಮಿದುಳಿನ ಒಂದು ಭಾಗ ಚುರುಕಾಗುತ್ತದೆ ಎಂದು ಅಮೆರಿಕದ ಪೀಟರ್ ಜನಾಟಾ 2009ರಲ್ಲಿ ವರದಿ ಮಾಡಿದರು. ‘ನಾನು ಯಾರು’ ಎಂಬ ಯೋಚನೆಯಲ್ಲೂ ಪಾಲ್ಗೊಳ್ಳುವ ಭಾಗವದು. ನಮ್ಮ ತಾಯಂದಿರಿಗೆ ರೇಡಿಯೋದ ಹಳೇ ಚಿತ್ರಗೀತೆ ಕೇಳಿದಾಗ ಆಗುವುದೂ ಇದೇ.

ಗೇಮ್ ಮುಚ್ಚಿಹೋದಾಗ ಆಗುವ ದುಃಖ

ಪಬ್ಜಿ ಮೊಬೈಲ್ ಗೇಮ್ 2018ರಲ್ಲಿ ಬಂತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಅದನ್ನೂ ಸೇರಿಸಿ 118 ಆಪ್‌ಗಳನ್ನು ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಅದು ಭಾರತದಲ್ಲಿ ಪೂರ್ತಿ ನಿಂತಿತು. 2021ರ ಜುಲೈನಲ್ಲಿ ‘ಬಿಜಿಎಂಐ’ ಎಂಬ ಹೆಸರಿನಲ್ಲಿ ಮರಳಿ, 2022ರ ಜುಲೈನಲ್ಲಿ ಆಪ್ ಅಂಗಡಿಗಳಿಂದ ಮತ್ತೆ ಮಾಯವಾಗಿ, 2023ರ ಮೇ ತಿಂಗಳಲ್ಲಿ ಇನ್ನೊಮ್ಮೆ ಬಂತು.

2020ರ ಆ ದಿನಗಳನ್ನು ನೆನಪಿಸಿಕೊಳ್ಳಿ. ಕೊರೊನಾದಿಂದ ಶಾಲೆ, ಕಾಲೇಜು ಮುಚ್ಚಿದ್ದವು. ಬಳ್ಳಾರಿಯಲ್ಲಿ ಓದುತ್ತಿದ್ದವರು ತಮ್ಮ ತಮ್ಮ ಊರು ಸೇರಿದ್ದರು. ಸಿರುಗುಪ್ಪದ ಒಬ್ಬ, ಕುರುಗೋಡಿನ ಇನ್ನೊಬ್ಬ ಭೇಟಿಯಾಗಲು ಇದ್ದ ಜಾಗವೆಂದರೆ ಗೇಮ್‌ನ ‘ಲಾಬಿ’. ನಾಲ್ವರೂ ಸೇರುವವರೆಗೆ ಅಲ್ಲಿ ಮಾತು, ತಮಾಷೆ, ಹಿನ್ನೆಲೆಯಲ್ಲಿ ಸಂಗೀತ. ಟಾಮ್ ಸಾಲ್ಟಾ ಅವರ ಆ ಪಬ್ಜಿ ಟ್ಯೂನ್ ಇವತ್ತು ಕೇಳಿದರೆ ನೆನಪಾಗುವುದು ಬಂದೂಕಲ್ಲ, “ಲೇ, ಬಾರಲೇ ಲಗೂ” ಎಂದು ಕರೆಯುತ್ತಿದ್ದ ಗೆಳೆಯನ ದನಿ. ಗೇಮ್ ನಿಂತಾಗ ಹುಡುಗರು ಕಳೆದುಕೊಂಡದ್ದು ಕೂತು ಹರಟುವ ಕಟ್ಟೆಯನ್ನು. ಹೊಲ ಮಾರಿದಾಗ, ಹಳೇ ಮನೆ ಕೆಡವಿದಾಗ ನಮಗಾಗುವ ಸಂಕಟದ ಜಾತಿಗೇ ಇದೂ ಸೇರಿದ್ದು. “ಅದೊಂದು ಆಟ, ಅದಕ್ಯಾಕೆ ಅಳ್ತೀಯ” ಎನ್ನುವುದಕ್ಕಿಂತ “ಯಾರ ಜೊತೆ ಆಡ್ತಿದ್ದೆ” ಎಂದು ಕೇಳಿದರೆ ಮಗು ಹೆಚ್ಚು ಮಾತಾಡುತ್ತದೆ.

ಇನ್ನೆರಡು ತಪ್ಪು ಕಲ್ಪನೆಗಳು

ಕಲ್ಪನೆ: ಗೇಮ್ ಸಂಗೀತ ಹಾಕಿಕೊಂಡು ಓದಿದರೆ ತಲೆ ಚುರುಕಾಗುತ್ತದೆ.
ವಾಸ್ತವ: ಇದಕ್ಕೆ ಅಂಥ ಮಂತ್ರಶಕ್ತಿಯೇನೂ ಇಲ್ಲ. ಮಾತುಗಳಿರುವ ಹಾಡು ಓದಿಗೆ ಅಡ್ಡಿ ಮಾಡಬಲ್ಲದು, ಮಾತಿಲ್ಲದ ಸಂಗೀತದ ಅಡ್ಡಿ ಕಡಿಮೆ. ಕೆಲವರಿಗೆ ಬೇಸರ ಕಳೆದು ಓದಿಗೆ ಕೂರಲು ನೆರವಾಗಬಹುದು, ಅಷ್ಟೇ. ಕಠಿಣ ಪಾಠಕ್ಕೆ ನಿಶ್ಶಬ್ದವೇ ಮೇಲು.

ಕಲ್ಪನೆ: ಸಂಗೀತದಿಂದ ಏನೂ ಆಗುವುದಿಲ್ಲ, ಸದ್ದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.
ವಾಸ್ತವ: ದೇಹ ಸ್ಪಂದಿಸುತ್ತದೆ. 2005ರ ಕೆನಡಾದ ಅಧ್ಯಯನವೊಂದರಲ್ಲಿ ಬಂದೂಕಿನ ಗೇಮನ್ನು ಸಂಗೀತದೊಂದಿಗೆ ಆಡಿದ ಯುವಕರಲ್ಲಿ, ಸಂಗೀತವಿಲ್ಲದೆ ಆಡಿದವರಿಗಿಂತ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಹೆಚ್ಚು ಕಂಡುಬಂತು. ಮಲಗುವ ಮುನ್ನ ಜೋರು ಸಂಗೀತದ ಗೇಮ್ ಬೇಡ ಎನ್ನುವುದು ಒಳ್ಳೆಯ ಸಲಹೆಯೇ.

ಹಾಗಾದರೆ ಯಾವಾಗ ಚಿಂತಿಸಬೇಕು?

ವಿಶ್ವ ಆರೋಗ್ಯ ಸಂಸ್ಥೆ ‘ಗೇಮಿಂಗ್ ಡಿಸಾರ್ಡರ್’ ಅನ್ನು ತನ್ನ ರೋಗಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಅದು ಹೇಳುವ ಲಕ್ಷಣಗಳು ಇವು:

• ಆಟದ ಮೇಲೆ ಹಿಡಿತ ತಪ್ಪುವುದು. ಯಾವಾಗ ಶುರು, ಎಷ್ಟು ಹೊತ್ತು, ಎಲ್ಲಿಗೆ ನಿಲ್ಲಿಸಬೇಕು ಎಂಬುದು ಕೈಯಲ್ಲಿಲ್ಲದಿರುವುದು.
• ಊಟ, ನಿದ್ದೆ, ಓದು, ದುಡಿಮೆ, ಸಂಬಂಧಗಳಿಗಿಂತ ಆಟವೇ ಮುಖ್ಯವಾಗುವುದು.
• ತೊಂದರೆ ಆಗುತ್ತಿದೆ ಎಂದು ಗೊತ್ತಿದ್ದರೂ ಮುಂದುವರಿಸುವುದು, ಇನ್ನೂ ಹೆಚ್ಚಿಸುವುದು.

ಇದರಿಂದ ಬದುಕಿಗೆ ದೊಡ್ಡ ಪೆಟ್ಟು ಬಿದ್ದಿರಬೇಕು. ಸಾಮಾನ್ಯವಾಗಿ ಸುಮಾರು 12 ತಿಂಗಳು ಹೀಗೇ ನಡೆದಿದ್ದರೆ ಅದನ್ನು ಕಾಯಿಲೆ ಎನ್ನುತ್ತಾರೆ, ಲಕ್ಷಣಗಳು ತೀವ್ರವಾಗಿದ್ದರೆ ಇನ್ನೂ ಬೇಗ. ಸಂಗೀತ ಕೇಳಿ ಕಣ್ಣು ಒದ್ದೆಯಾಗುವುದು, ಟ್ಯೂನನ್ನು ರಿಂಗ್‌ಟೋನ್ ಮಾಡಿಕೊಳ್ಳುವುದು, ಕೀಬೋರ್ಡ್‌ನಲ್ಲಿ ನುಡಿಸಲು ಕಲಿಯುವುದು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಕೀಬೋರ್ಡ್ ಕಲಿಯುವ ಆಸೆಯಿದ್ದರೆ ಕಲಿಸಿ. ಆಟದಿಂದ ಸಂಗೀತದ ಕಡೆಗೆ ಹೊರಳುವ ಒಳ್ಳೆಯ ದಾರಿಯದು.

ಸಹಾಯ ಎಲ್ಲಿ ಸಿಗುತ್ತದೆ?

‘ಮಾನಸಿಕ ಆರೋಗ್ಯ’ ಎಂದರೆ ಬೆಂಗಳೂರಿಗೇ ಹೋಗಬೇಕು ಎಂದು ಅನೇಕರು ಅಂದುಕೊಂಡಿದ್ದಾರೆ. ಬಳ್ಳಾರಿಯವರಂತೂ ಹೀಗೆ ಅಂದುಕೊಳ್ಳಬೇಕಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಊರಿನ ಸರ್ಕಾರಿ ಆಸ್ಪತ್ರೆಗಳಲ್ಲೇ ಮನೋಚಿಕಿತ್ಸೆ ಕೊಡಬಹುದು ಎಂದು ಪ್ರಯೋಗ ಮಾಡಿ ತೋರಿಸಿದ್ದು ಇದೇ ಜಿಲ್ಲೆಯಲ್ಲಿ. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಅದೇ 1996ರಲ್ಲಿ ಶುರುವಾದ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು.

ಆತಂಕವಿದ್ದರೆ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ಅಥವಾ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ತಂತ್ರಜ್ಞಾನದ ಅತಿ ಬಳಕೆಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ಕ್ಲಿನಿಕ್ ಇದೆ.

ಒಟ್ಟಿನಲ್ಲಿ

ಗೇಮ್ ಸಂಗೀತವೂ ಸಂಗೀತವೇ. ಅದಕ್ಕೆ ಮನಸ್ಸು ಕರಗುವುದು ಆರೋಗ್ಯವಂತ ಮಿದುಳಿನ ಲಕ್ಷಣ. ನಿದ್ದೆ, ಊಟ, ಓದು, ಮಾತುಕತೆ ಸರಿಯಿದ್ದರೆ ಟ್ಯೂನ್ ಕೇಳಿ ಮಗು ಅತ್ತಿತೆಂದು ಗಾಬರಿಯಾಗಬೇಡಿ. ಅವು ತಪ್ಪುತ್ತಿದ್ದರೆ ಮಗು ಅಳದಿದ್ದರೂ ಗಮನ ಕೊಡಿ.